ಮೋಡೆಮ್ ಕೂಗಿದ್ದು ಯಾರಿಗೂ ಕೇಳಿಸದಿದ್ದಾಗ

ಬಳ್ಳಾರಿಯ ನಮ್ಮ ಓಣಿಯಲ್ಲಿ ಟಿ.ವಿ.ಯ ಕಪ್ಪು ಕೇಬಲ್ಲಿನಲ್ಲಿಯೇ ಇಂಟರ್‌ನೆಟ್ ಕೂಡ ಬರುತ್ತದೆ. ಒಂದು ಮೇ ತಿಂಗಳಿನಲ್ಲಿ ಸುಮಾರು ಮೂರು ವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಸಂಪರ್ಕ ಕಡಿಯಲು ಆರಂಭವಾಗಿ, ರಾತ್ರಿ ಎಂಟರ ನಂತರ ತಾನಾಗಿಯೇ ಸರಿಹೋಗುತ್ತಿತ್ತು. ಕೇಬಲ್‌ನವರು ಬಂದು ಮೋಡೆಮ್ ಬದಲಿಸಿದರು. ಹೊಸದೂ ಹಾಗೆಯೇ ಮಾಡಿತು. “ಬಿಸಿಲಿಗೆ ಲೈನು ಕಾಯ್ತೈತಿ ಸಾರ್” ಎಂದು ಹೇಳಿ ಅವರು ಹೊರಟುಹೋದರು. ಈ ಊರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗೆಯಾಡುವವರಾದ್ದರಿಂದ ಮೊದಲಿಗೆ ನಾನೂ ಆ ಮಾತನ್ನು ಒಪ್ಪಿಕೊಂಡೆ. ಆದರೆ ಮೋಡೆಮ್‌ನ ದೀಪಗಳು ಅದನ್ನು ಒಪ್ಪಲಿಲ್ಲ.

ಕೇಬಲ್ ಮೋಡೆಮ್‌ಗಳು ಪಾಲಿಸುವ ನಿಯಮಾವಳಿಯ ಹೆಸರು ಡಾಕ್ಸಿಸ್. ಅಮೆರಿಕದ ಕೇಬಲ್‌ಲ್ಯಾಬ್ಸ್ ಸಂಸ್ಥೆ ಅದರ ಮೊದಲ ಆವೃತ್ತಿಯನ್ನು ಹೊರತಂದದ್ದು 1997ರಲ್ಲಿ. ಅದರ ಪ್ರಕಾರ, ಸ್ವಿಚ್ ಹಾಕಿದೊಡನೆ ಮೋಡೆಮ್ ಏನನ್ನೂ ಹೇಳುವುದಿಲ್ಲ, ಬರೀ ಕೇಳುತ್ತದೆ. ಒಂದಾದ ಮೇಲೊಂದು ಚಾನೆಲ್ ತಡಕಾಡಿ, ತನಗೆ ಅರ್ಥವಾಗುವ ಸಂಕೇತ ಸಿಕ್ಕಲ್ಲಿ ನಿಲ್ಲುತ್ತದೆ, ಆಗ ‘ಡಿ.ಎಸ್.’ ಎಂಬ ದೀಪ ಸ್ಥಿರವಾಗುತ್ತದೆ. ಬಳಿಕ ಅದು ‘ನಾನು ಇಲ್ಲಿದ್ದೇನೆ’ ಎಂದು ಕೇಬಲ್ ಕೇಂದ್ರಕ್ಕೆ ತಿಳಿಸಿ, ಎಷ್ಟು ಜೋರಾಗಿ ಮತ್ತು ಯಾವ ಕ್ಷಣದಲ್ಲಿ ಮಾತನಾಡಬೇಕೆಂಬ ಅಪ್ಪಣೆ ಪಡೆಯುತ್ತದೆ, ಆಗ ‘ಯು.ಎಸ್.’ ದೀಪ ನಿಲ್ಲುತ್ತದೆ. ಐಪಿ ವಿಳಾಸ ಪಡೆಯುವುದು, ಸಂರಚನಾ ಕಡತ ಇಳಿಸಿಕೊಳ್ಳುವುದು ಮತ್ತು ನೋಂದಾಯಿಸಿಕೊಳ್ಳುವುದು ಮುಗಿದ ಮೇಲಷ್ಟೇ ‘ಆನ್‌ಲೈನ್’ ದೀಪದ ಸರದಿ. ಮೊದಲು ಮಿನುಗುತ್ತ ಉಳಿದ ದೀಪ ಯಾವುದೋ, ಕೆಲಸ ನಿಂತಿರುವುದು ಅಲ್ಲಿಯೇ. ಎಲ್ಲ ದೀಪಗಳೂ ಸ್ಥಿರವಾಗಿದ್ದು ಮೊಬೈಲಿನಲ್ಲಿ ಮಾತ್ರ ನೆಟ್ ಇಲ್ಲವೆಂದರೆ ಕೇಬಲನ್ನು ದೂರುವ ಮುನ್ನ ಲ್ಯಾಪ್‌ಟಾಪನ್ನು ವೈರಿನ ಮೂಲಕ ಮೋಡೆಮ್‌ಗೆ ಜೋಡಿಸಿ ನೋಡಬೇಕು. ಆಗ ಎಲ್ಲವೂ ಸರಿಯಿದ್ದರೆ ದೋಷ ವೈ-ಫೈಯದ್ದು.

ನಮ್ಮಲ್ಲಿ ಹಗಲು ಹೊತ್ತು ‘ಡಿ.ಎಸ್.’ ಅಲುಗಾಡದೆ ಉರಿಯುತ್ತಿತ್ತು, ‘ಯು.ಎಸ್.’ ಮಿನುಗುತ್ತಿತ್ತು. ಅಂದರೆ ಕೇಂದ್ರದ ಮಾತು ಮೋಡೆಮ್‌ಗೆ ಕೇಳುತ್ತಿತ್ತು, ಮೋಡೆಮ್‌ನ ಮಾತು ಕೇಂದ್ರಕ್ಕೆ ಕೇಳುತ್ತಿರಲಿಲ್ಲ. ಒಂದೇ ತಂತಿಯಲ್ಲಿ ಹೀಗಾಗುವುದು ವಿಚಿತ್ರವೆನಿಸಬಹುದು, ಆದರೆ ಆ ತಂತಿಯೊಳಗೆ ಎರಡು ದಾರಿಗಳಿವೆ. ಕೇಂದ್ರದಿಂದ ಮನೆಗೆ ಬರುವ ಕೆಳಮುಖ ಸಂಕೇತಗಳು ಮೇಲಿನ ಕಂಪನಾಂಕಗಳಲ್ಲಿ, ನೂರಾರು ಮೆಗಾಹರ್ಟ್ಸ್‌ನಲ್ಲಿ ಬರುತ್ತವೆ. ಮನೆಯಿಂದ ಕೇಂದ್ರಕ್ಕೆ ಹೋಗುವ ಮೇಲ್ಮುಖ ಸಂಕೇತಗಳಿಗೆ ಮೊದಲಿನಿಂದ ಸಿಕ್ಕಿರುವುದು ತೀರ ಕೆಳಗಿನ ಇಕ್ಕಟ್ಟಾದ ಪಟ್ಟಿ, ಅಮೆರಿಕದ ಪದ್ಧತಿಯಲ್ಲಿ 5ರಿಂದ 42 ಮೆಗಾಹರ್ಟ್ಸ್, ಯುರೋಪಿನ ಪದ್ಧತಿಯಲ್ಲಿ 5ರಿಂದ 65.

ಈ ಎರಡರ ಬಲವನ್ನೂ ಮೋಡೆಮ್ ತಾನೇ ಅಳೆದು ಇಟ್ಟುಕೊಂಡಿರುತ್ತದೆ. ಬ್ರೌಸರಿನಲ್ಲಿ 192.168.100.1 ಎಂದು ಬರೆದರೆ ಬಹುತೇಕ ಕೇಬಲ್ ಮೋಡೆಮ್‌ಗಳು ಆ ಪುಟವನ್ನು ತೋರಿಸುತ್ತವೆ, ನೆಟ್ ಇಲ್ಲದಿದ್ದಾಗಲೂ. ಅಲ್ಲಿನ ಮಾನ ಡಿಬಿಎಂವಿ. ಸೊನ್ನೆ ಡಿಬಿಎಂವಿ ಎಂದರೆ ಒಂದು ಮಿಲಿವೋಲ್ಟ್. 75 ಓಮ್‌ನ ಕೇಬಲ್ಲಿನಲ್ಲಿ ಅದು ಸುಮಾರು 13 ನ್ಯಾನೋವ್ಯಾಟ್ ಶಕ್ತಿ. ಮೋಡೆಮ್‌ಗೆ ಕೇಳಿಸಿಕೊಳ್ಳಲು ಇಷ್ಟು ಪಿಸುಮಾತು ಸಾಕು. ಕೆಳಮುಖದ ಅಂಕಿ -7ರಿಂದ +7ರ ಒಳಗಿದ್ದು, ಸಂಕೇತಕ್ಕೂ ಗದ್ದಲಕ್ಕೂ ನಡುವಿನ ಅಂತರ 33 ಡೆಸಿಬೆಲ್‌ಗಿಂತ ಹೆಚ್ಚಿದ್ದರೆ ಆ ಬದಿಯ ಚಿಂತೆ ಬೇಡ. ನಮ್ಮ ಮನೆಯಲ್ಲಿ ಅವು -3 ಮತ್ತು 36 ಇದ್ದವು. ಮೇಲ್ಮುಖದ ಅಂಕಿ ಮಾತ್ರ 53. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 3ಕ್ಕೆ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, 53 ಡಿಬಿಎಂವಿ ಎಂದರೆ ಆ ಒಂದು ಮಿಲಿವೋಲ್ಟಿನ ಪಿಸುಮಾತಿನ ಸುಮಾರು ಎರಡು ಲಕ್ಷ ಪಟ್ಟು. ಮೋಡೆಮ್ ತನ್ನ ಗಂಟಲಿನ ಕೊನೆಯ ಮಟ್ಟದಲ್ಲಿ ಕೂಗುತ್ತಿತ್ತು. ಅದೇ ಪುಟದ ದಾಖಲೆಯಲ್ಲಿ ‘ಟಿ3 ಟೈಮ್‌ಔಟ್’ ಎಂಬ ಸಾಲು ಸಾಲು ದೂರುಗಳಿದ್ದವು: ಕರೆ ಕಳಿಸಿ 200 ಮಿಲಿಸೆಕೆಂಡ್ ಕಾದರೂ ಉತ್ತರ ಬರಲಿಲ್ಲವೆಂದು ಅದರ ಅರ್ಥ. ಉತ್ತರ ಬಾರದಾಗಲೆಲ್ಲ ಮೋಡೆಮ್ ಬಲ ಹೆಚ್ಚಿಸಿ ಮತ್ತೆ ಕರೆಯುತ್ತದೆ. 16 ಸಲ ಸೋತರೆ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಆರಂಭಿಸುತ್ತದೆ. ಸಂಪರ್ಕ ಪದೇ ಪದೇ ಕಡಿಯುತ್ತಿದ್ದದ್ದು ಹೀಗೆ.

ಇನ್ನು ಬಿಸಿಲಿನ ಮಾತು. ಕೇಬಲ್ ಕಾದಂತೆ ಅದರೊಳಗಿನ ನಷ್ಟ ಹೆಚ್ಚುವುದು ನಿಜ, ಆದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅದು ಶೇಕಡಾ 0.2ರಷ್ಟು ಮಾತ್ರ. ಮನೆಗಳಿಗೆ ಎಳೆಯುವ ಆರ್‌ಜಿ-6 ಕೇಬಲ್ 30 ಮೀಟರಿಗೆ 750 ಮೆಗಾಹರ್ಟ್ಸ್‌ನಲ್ಲಿ ಸುಮಾರು 5.6 ಡೆಸಿಬೆಲ್ ಕಳೆಯುತ್ತದೆ. ಮಾಳಿಗೆಯ ಮೇಲೆ ಅದು 30 ಡಿಗ್ರಿ ಹೆಚ್ಚು ಕಾದರೂ ಹೆಚ್ಚುವರಿ ನಷ್ಟ 0.3 ಡೆಸಿಬೆಲ್ ಅಷ್ಟೇ. ಅದೂ ಹೆಚ್ಚಾಗಿ ತಟ್ಟಬೇಕಾದದ್ದು ಮೇಲಿನ ಕಂಪನಾಂಕಗಳಿಗೆ, ಅಂದರೆ ಸರಿಯಾಗಿಯೇ ಇದ್ದ ಕೆಳಮುಖ ದಾರಿಗೆ. ಬಿಸಿಲಿನ ಮೇಲೆ ಹೊರಿಸಿದ ಆರೋಪ ನಿಲ್ಲುವಂತಿರಲಿಲ್ಲ.

ಸುಳಿವು ಕೊಟ್ಟದ್ದು ಕರೆಂಟು. ಸಾಮಾನ್ಯವಾಗಿ ಕರೆಂಟು ಹೋದರೆ, ಮನೆಯ ಮೋಡೆಮ್ ಇನ್ವರ್ಟರಿನಲ್ಲಿ ಓಡುತ್ತಿದ್ದರೂ ಸಂಕೇತದ ಬಲ ಹೆಚ್ಚಿಸುವ ಬೀದಿಯ ಆಂಪ್ಲಿಫೈಯರ್ ನಿಂತು ನೆಟ್ ಸಾಯುತ್ತದೆ. ನಮ್ಮ ಓಣಿಯ ಆಂಪ್ಲಿಫೈಯರ್‌ಗೆ ಬ್ಯಾಟರಿಯ ಆಸರೆ ಇದೆ. ಒಂದು ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಉರಿಯುತ್ತಿರುವಾಗಲೇ ಕರೆಂಟು ಹೋಯಿತು, ಮತ್ತು ಇಡೀ ದಿನ ಕೈಕೊಟ್ಟಿದ್ದ ನೆಟ್ ಅರ್ಧ ಗಂಟೆ ಚೊಕ್ಕವಾಗಿ ನಡೆಯಿತು. ಕರೆಂಟು ಬಂದದ್ದೇ ತಡ, ‘ಯು.ಎಸ್.’ ಮತ್ತೆ ಮಿನುಗತೊಡಗಿತು.

ಓಣಿಯಲ್ಲಿ ಬೆಳಿಗ್ಗೆ ಹತ್ತರ ನಂತರ ಆರಂಭವಾಗಿ ರಾತ್ರಿ ಎಂಟಕ್ಕೆ ನಿಲ್ಲುವುದು ಯಾವುದೆಂದು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಜೀನ್ಸ್ ಹೊಲಿಗೆ. ಅಕ್ಕಪಕ್ಕದ ನಾಲ್ಕಾರು ಮನೆಗಳಲ್ಲಿ ಮೋಟರಿನ ಹೊಲಿಗೆ ಯಂತ್ರಗಳಿವೆ. ಮೋಟರಿನ ಕಿಡಿಗಳು ಎಬ್ಬಿಸುವ ವಿದ್ಯುತ್ ಗದ್ದಲ ಕೆಳಗಿನ ಕಂಪನಾಂಕಗಳಲ್ಲಿಯೇ ದಟ್ಟವಾಗಿರುತ್ತದೆ, ಅಂದರೆ ಸರಿಯಾಗಿ ಮೇಲ್ಮುಖ ದಾರಿಯಲ್ಲಿ. ಕೆಳಮುಖ ಸಂಕೇತ ಒಂದು ಕಡೆಯಿಂದ ಹೊರಟು ಮನೆಮನೆಗೆ ಕವಲೊಡೆಯುತ್ತದೆ. ಮೇಲ್ಮುಖದಲ್ಲಿ ಹಳ್ಳಗಳು ಹೊಳೆಗೆ ಸೇರಿದಂತೆ ಎಲ್ಲ ಮನೆಗಳ ಸಂಕೇತ ಮತ್ತು ಗದ್ದಲ ಒಟ್ಟುಗೂಡಿ ಕೇಂದ್ರವನ್ನು ಮುಟ್ಟುತ್ತವೆ. ಹೀಗಾಗಿ ಒಂದು ಮನೆಯ ಸಡಿಲ ಜಾಯಿಂಟು ಇಡೀ ಓಣಿಗೆ ಕಾಟ ಕೊಡಬಲ್ಲದು.

ಇಷ್ಟಾಗಿಯೂ ತಪ್ಪು ಹೊಲಿಗೆಯವರದಲ್ಲ. ಕೇಬಲ್ಲಿನ ಹೆಣೆದ ಲೋಹದ ಕವಚ ಇರುವುದೇ ಇಂಥ ಗದ್ದಲವನ್ನು ಹೊರಗಿಡಲು. ಅದು ಒಳನುಗ್ಗಿತೆಂದರೆ ಎಲ್ಲಿಯೋ ಬಾಗಿಲು ತೆರೆದಿದೆ. ಹುಡುಕಿದಾಗ ನಮ್ಮದೇ ಮಾಳಿಗೆಯ ಪ್ಯಾರಪೆಟ್ ಪಕ್ಕದಲ್ಲಿ ಎರಡು ಕೇಬಲ್ ತುಂಡುಗಳನ್ನು ಪಿನ್ ಹಾಕದೆ ಕೈಯಿಂದಲೇ ಹೊಸೆದು ಟೇಪು ಸುತ್ತಿದ್ದ ಜಾಗ ಸಿಕ್ಕಿತು. ಕವಚ ಅಲ್ಲಿ ಎರಡು ಬೆರಳಿನಷ್ಟು ಬಿಚ್ಚಿಕೊಂಡಿತ್ತು. ಒಳಗಿನ ತಂತಿ ಒಂದು ಮಿಲಿಮೀಟರ್ ದಪ್ಪದ್ದು, ಉಕ್ಕಿನ ಮೇಲೆ ತಾಮ್ರದ ಲೇಪ. 20 ಮೆಗಾಹರ್ಟ್ಸ್‌ನ ವಿದ್ಯುತ್ತು ತಾಮ್ರದಲ್ಲಿ ಮೇಲ್ಮೈಯಿಂದ ಸುಮಾರು 15 ಮೈಕ್ರೋಮೀಟರ್ ಆಳದೊಳಗೇ ಬಹುಪಾಲು ಹರಿಯುವುದರಿಂದ ತೆಳುವಾದ ಲೇಪ ಸಾಕಾಗುತ್ತದೆ. ಆ ಲೇಪಕ್ಕೇ ಕಿಲುಬು ಹಿಡಿದರೆ ದಾರಿ ಮುಚ್ಚುತ್ತದೆ. ಇಲ್ಲಿ ಆದದ್ದು ಅದೇ. ತುದಿಗಳು ಒಂದಕ್ಕೊಂದು ತಾಗಿದಂತೆ ಕಂಡರೂ ನಡುವೆ ಕಿಲುಬಿನ ಪದರವಿತ್ತು, ಮತ್ತು ಎರಡು ಲೋಹಗಳ ನಡುವೆ ತೆಳುವಾದ ಅವಾಹಕ ಪದರವೆಂದರೆ ಅದೊಂದು ಪುಟ್ಟ ಕೆಪಾಸಿಟರ್. ಕೆಪಾಸಿಟರ್ ಮೇಲಿನ ಕಂಪನಾಂಕಗಳನ್ನು ಸುಲಭವಾಗಿ ದಾಟಿಸಿ, ಕೆಳಗಿನವನ್ನು ತಡೆಯುತ್ತದೆ. ಕೆಳಮುಖದ ಅಂಕಿಗಳು ಅಷ್ಟು ಚೆನ್ನಾಗಿದ್ದು ಮೇಲ್ಮುಖ ಮಾತ್ರ ಸೊರಗಿದ್ದಕ್ಕೆ ಕಾರಣ ಈ ಕಿಲುಬು.

ಕೇಬಲ್ ಹುಡುಗನನ್ನು ಮತ್ತೆ ಕರೆಸಿ ಆ ಹೊಸೆತವನ್ನು ಕತ್ತರಿಸಿ ತೆಗೆಸಿದೆವು. ತುದಿಗಳನ್ನು ಹೊಸದಾಗಿ ಸುಲಿದು, ಒತ್ತಿ ಕೂರಿಸುವ ಎಫ್-ಕನೆಕ್ಟರ್ ಹಾಕಿ, ಮಳೆನೀರು ತಾಗದಂತೆ ಜಾಯಿಂಟನ್ನು ಪ್ಯಾರಪೆಟ್ಟಿನ ಒಳಬದಿಗೆ ಇಳಿಬಿಡಲಾಯಿತು. ಹಿಂದೆ ಎರಡು ಟಿ.ವಿ. ಇದ್ದಾಗ ಹಾಕಿ ಮರೆತಿದ್ದ, ಒಂದು ಕೇಬಲನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟ್ಟರನ್ನೂ ಕಿತ್ತೆವು. ಇಬ್ಬಾಯಿಯ ಸ್ಪ್ಲಿಟ್ಟರ್ ಎರಡೂ ದಿಕ್ಕಿನಲ್ಲಿ ಸುಮಾರು 3.5 ಡೆಸಿಬೆಲ್, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿಯನ್ನು ತಿನ್ನುತ್ತದೆ. ಮೋಡೆಮ್‌ನ ಹಿಂದಿನ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಮುಟ್ಟಲಿಲ್ಲ. ಅದನ್ನು ಒತ್ತಿ ಹಿಡಿದರೆ ಮನೆಯ ವೈ-ಫೈ ಹೊಂದಿಕೆಗಳು ಅಳಿಸಿಹೋಗುತ್ತವೆಯೇ ಹೊರತು ಮಾಳಿಗೆಯ ಕಿಲುಬು ಹೋಗುವುದಿಲ್ಲ.

ಮೋಡೆಮ್ ಮತ್ತೆ ಎದ್ದು ನಿಂತಾಗ ಮಧ್ಯಾಹ್ನ ಎರಡೂವರೆ. ಮೇಲ್ಮುಖದ ಅಂಕಿ 53ರಿಂದ 42ಕ್ಕೆ ಇಳಿದಿತ್ತು, ಅಂದರೆ ಹನ್ನೆರಡರಲ್ಲಿ ಒಂದು ಪಾಲು ಶಕ್ತಿಗೆ. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರಗಳು ಓಡುತ್ತಲೇ ಇದ್ದವು.