ಸಾರಾಯಿ ಹೋಯಿತು, ನೈಂಟಿ ಬಂತು: ಕರ್ನಾಟಕದ ಮದ್ಯ ನೀತಿಯ ಹಿಂದುಮುಂದು

2007ರ ಜುಲೈ 1ರಂದು ಕರ್ನಾಟಕದ ಸಾರಾಯಿ ಅಂಗಡಿಗಳಿಗೆ ಬೀಗ ಬಿತ್ತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಬಳಿ. ಮನೆ ಹಾಳು ಮಾಡುತ್ತಿದ್ದ ಪ್ಯಾಕೆಟ್ ಸಾರಾಯಿ ತೊಲಗಿತೆಂದು ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಕುಡಿಯುವವರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಾರಾಯಿ ಅಂಗಡಿಯಿಂದ ಎದ್ದು ವೈನ್ ಶಾಪಿನ ಕೌಂಟರಿಗೆ ನಡೆದರು. ಅಲ್ಲಿ ಅವರಿಗೆ ಸಿಕ್ಕಿದ್ದು ಅಗ್ಗದ ವಿಸ್ಕಿ, ರಮ್, ಬ್ರಾಂಡಿ.

ಲೆಕ್ಕ ಹಾಕಿ ನೋಡಿ. ಸಾರಾಯಿಯಲ್ಲಿ ಆಲ್ಕೋಹಾಲ್ ಪ್ರಮಾಣ ಸುಮಾರು ಶೇ 33. ವೈನ್ ಶಾಪಿನ ವಿಸ್ಕಿಯಲ್ಲಿ ಶೇ 42.8. ಒಂದು ಮಿಲಿಲೀಟರ್ ಆಲ್ಕೋಹಾಲ್ 0.79 ಗ್ರಾಂ ತೂಗುತ್ತದೆ. ಹಾಗಾಗಿ 90 ಮಿ.ಲೀ. ಸಾರಾಯಿಯಿಂದ ಮೈಗೆ ಸೇರುತ್ತಿದ್ದದ್ದು ಸುಮಾರು 23 ಗ್ರಾಂ. ಅದೇ 90 ಮಿ.ಲೀ. ಟೆಟ್ರಾ ಪ್ಯಾಕ್ ವಿಸ್ಕಿಯಿಂದ ಸೇರುವುದು 30 ಗ್ರಾಂ. ವೈದ್ಯರು 10 ಗ್ರಾಂ ಆಲ್ಕೋಹಾಲನ್ನು ಒಂದು ಡ್ರಿಂಕ್ ಎಂದು ಎಣಿಸುತ್ತಾರೆ. ದಿನಕ್ಕೆ ಎರಡು ನೈಂಟಿ ಹಾಕುವವನು ಅಳತೆಯಲ್ಲಿ ಹಳೆಯ ರೂಢಿಗೇ ನಿಂತರೂ 14 ಗ್ರಾಂ ಹೆಚ್ಚು ಕುಡಿಯತೊಡಗಿದ. ಸರ್ಕಾರ ನಿಷೇಧಿಸಿದ್ದು ಒಂದು ಬಗೆಯ ಮದ್ಯವನ್ನು. ಒಟ್ಟು ಎಷ್ಟು ಗ್ರಾಂ ಒಳಗೆ ಹೋಗುತ್ತಿದೆ, ಬಿಡಲಾಗದವನಿಗೆ ಚಿಕಿತ್ಸೆ ಎಲ್ಲಿ ಎಂಬ ಎರಡು ಪ್ರಶ್ನೆಗಳು ಆಗಲೂ ಅಂಚಿನಲ್ಲೇ ಉಳಿದವು, ಅದಕ್ಕೆ ಮುಂಚೆಯೂ ಅಲ್ಲೇ ಇದ್ದವು.

ಸಂವಿಧಾನದ 47ನೇ ವಿಧಿ, ಔಷಧಿಯ ಬಳಕೆ ಬಿಟ್ಟು ಉಳಿದಂತೆ ಅಮಲು ಪಾನೀಯಗಳ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಅದೇ ಸಂವಿಧಾನದ ಏಳನೇ ಅನುಸೂಚಿ ಮದ್ಯವನ್ನೂ ಅದರ ಸುಂಕವನ್ನೂ ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಜಿಎಸ್‌ಟಿ ಬಂದ ಮೇಲೂ ಕುಡಿಯುವ ಮದ್ಯ ಅದರ ಹೊರಗೇ ಉಳಿಯಿತು. ಹೀಗಾಗಿ ರಾಜ್ಯಗಳು ತಾವೇ ದರ ಏರಿಸಿ ಇಳಿಸಬಹುದಾದ ದೊಡ್ಡ ತೆರಿಗೆಗಳಲ್ಲಿ ಇದೂ ಒಂದು. ಕರ್ನಾಟಕದ 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ.

ಪಾನನಿಷೇಧವನ್ನು ನಾವು ನೋಡದೇ ಇಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರು ಮಾಡಿದ ಕಾನೂನು ಮುಂದೆ ದಕ್ಷಿಣ ಕನ್ನಡಕ್ಕೂ ಬಳ್ಳಾರಿಗೂ ಬಂತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆ 1949ರ ಮುಂಬೈ ಕಾನೂನು ಇತ್ತು. ಹೈದರಾಬಾದ್ ಕರ್ನಾಟಕದಲ್ಲಿ ಸುಂಕ ಕಟ್ಟಿ ಮಾರಲು ಬಿಡುವ ಅಬಕಾರಿ ಪದ್ಧತಿಯೇ ಮುಂದುವರಿದಿತ್ತು. ಏಕೀಕರಣದ ನಂತರ ಒಂದೇ ರಾಜ್ಯದೊಳಗೆ ಒಂದು ಜಿಲ್ಲೆಯಲ್ಲಿ ಅಪರಾಧವಾದದ್ದು ಪಕ್ಕದ ಜಿಲ್ಲೆಯಲ್ಲಿ ವ್ಯಾಪಾರ. 1961ರಲ್ಲಿ ಮೈಸೂರು ಪಾನನಿಷೇಧ ಕಾಯ್ದೆ ಬಂತು, 1965ರಲ್ಲಿ ಅಬಕಾರಿ ಕಾಯ್ದೆ ಬಂತು, 1967ರಲ್ಲಿ ನಿಷೇಧ ಸಡಿಲವಾಗಿ ಅಂಗಡಿಗಳು ತೆರೆದವು.

ಆಮೇಲಿನದು ಹರಾಜಿನ ಕಾಲ. ಚಿಲ್ಲರೆ ಮಾರಾಟದ ಹಕ್ಕನ್ನು ವರ್ಷಕ್ಕೊಮ್ಮೆ ಕೂಗಲಾಗುತ್ತಿತ್ತು. ಹೆಚ್ಚು ಕೂಗಿದವನು ಕಂಟ್ರಾಕ್ಟರ್. ಸರ್ಕಾರಕ್ಕೆ ಕೊಡಬೇಕಾದ ಮೊತ್ತ ಮೊದಲೇ ನಿಗದಿ, ಅದರ ಮೇಲೆ ಮಾರಿದ ಪ್ರತಿ ಪ್ಯಾಕೆಟ್ಟೂ ಅವನ ಲಾಭ. ಇಂಥ ಏರ್ಪಾಡಿನಲ್ಲಿ ಹಳ್ಳಿಹಳ್ಳಿಗೆ ಸಾರಾಯಿ ತಲುಪಿಸುವುದು, ಸುಂಕ ಕಟ್ಟದ ‘ಸೆಕೆಂಡ್ಸ್’ ಬೆರೆಸಿ ಮಾರುವುದು ಎರಡೂ ಲಾಭದ ದಾರಿಗಳು. ಇದಕ್ಕೆ ಕಡಿವಾಣ ಹಾಕಲೆಂದೇ 2003ರಲ್ಲಿ ಸಗಟು ವಹಿವಾಟನ್ನು ಕರ್ನಾಟಕ ರಾಜ್ಯ ಪಾನೀಯ ನಿಗಮಕ್ಕೆ ಒಪ್ಪಿಸಿದರು. ಡಿಸ್ಟಿಲರಿಯಿಂದ ಹೊರಟ ಪ್ರತಿ ಪೆಟ್ಟಿಗೆಯೂ ನಿಗಮದ ಗೋದಾಮಿನ ಮೂಲಕವೇ ಹೋಗಬೇಕಾಯಿತು. ಸೋರಿಕೆ ತಗ್ಗಿ ಖಜಾನೆ ತುಂಬಿತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಸೇಂದಿಯೂ ನಿಂತಿತು. ಆಲ್ಕೋಹಾಲ್ ಕಡಿಮೆ ಇರುವ ಸೇಂದಿ ಮೊದಲು ಹೋಯಿತು, ನಡುವಿನ ಸಾರಾಯಿ ಆಮೇಲೆ ಹೋಯಿತು, ಎಲ್ಲಕ್ಕಿಂತ ಖಡಕ್ಕಾದದ್ದು ಉಳಿಯಿತು. ಆರೋಗ್ಯದ ಕಣ್ಣಿನಿಂದ ನೋಡಿದರೆ ಈ ಸರದಿಯೇ ತಲೆಕೆಳಗು.

ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಮೆಥನಾಲ್. ನೋಟಕ್ಕೆ, ವಾಸನೆಗೆ ಕುಡಿಯುವ ಆಲ್ಕೋಹಾಲಾದ ಎಥನಾಲ್‌ನಂತೆಯೇ ಇರುವ ಈ ಕೈಗಾರಿಕಾ ದ್ರಾವಕ ಯಕೃತ್ತಿನಲ್ಲಿ ಫಾರ್ಮಿಕ್ ಆಮ್ಲವಾಗಿ ಬದಲಾಗುತ್ತದೆ; ಅದು ರಕ್ತವನ್ನು ಆಮ್ಲೀಯಗೊಳಿಸಿ ಕಣ್ಣಿನ ನರವನ್ನು ಸುಡುತ್ತದೆ. ಮಾರಕವಾಗುವುದು ತಡವಾಗಿ ಗೊತ್ತಾಗುವುದರಿಂದ. ಕುಡಿದ 12ರಿಂದ 24 ಗಂಟೆ ಸಾಮಾನ್ಯ ಅಮಲಿನಂತೆಯೇ ಇದ್ದು, ಆಮೇಲೆ ಹೊಟ್ಟೆನೋವು, ಏದುಸಿರು, ಕಣ್ಣಿಗೆ ಮಂಜು. ಅಷ್ಟರಲ್ಲಿ ಅದೇ ಕ್ಯಾನಿನಿಂದ ಇನ್ನಷ್ಟು ಜನ ಕುಡಿದಿರುತ್ತಾರೆ. ನಿಷೇಧವೇ ಇದಕ್ಕೆ ಕಾರಣ ಎಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ: 1981ರ ಜುಲೈನಲ್ಲಿ, ಸಾರಾಯಿ ಕಾನೂನುಬದ್ಧವಾಗಿದ್ದಾಗಲೇ, ಬೆಂಗಳೂರಿನಲ್ಲಿ 308 ಜನ ಹೀಗೇ ಸತ್ತಿದ್ದರು. ಎರಡೂ ಸಲ ಸತ್ತವರು ಅಗ್ಗದ್ದನ್ನು ಹುಡುಕಿ ಹೋದ ಕೂಲಿಕಾರರು.

ಈಗ ಬೆಲೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸರ್ಕಾರಗಳ ಮುಂದಿಟ್ಟ ಐದು ಕ್ರಮಗಳು ಇವು: ಸುಲಭವಾಗಿ ಸಿಗದಂತೆ ಮಾಡುವುದು, ಕುಡಿದು ಓಡಿಸುವುದನ್ನು ತಡೆಯುವುದು, ತಪಾಸಣೆ ಮತ್ತು ಚಿಕಿತ್ಸೆ, ಜಾಹೀರಾತಿಗೆ ಕಡಿವಾಣ, ಬೆಲೆ ಏರಿಕೆ. ಬೆಲೆ ಏರಿದರೆ ಕುಡಿತ ಇಳಿಯುತ್ತದೆ ಎಂಬುದಕ್ಕೆ ಪುರಾವೆ ಬಲವಾಗಿದೆ. ಆದರೆ ಯಾವುದರ ಬೆಲೆ?

ಕರ್ನಾಟಕದಲ್ಲಿ 2025-26ರಲ್ಲೂ ಹೆಚ್ಚುವರಿ ಅಬಕಾರಿ ಸುಂಕ ದರದ ಸ್ಲ್ಯಾಬಿನ ಮೇಲೆ ನಿಂತಿತ್ತು. ತಯಾರಕ ಘೋಷಿಸಿದ ದರ ಕಡಿಮೆಯಿದ್ದರೆ ಕೆಳಗಿನ ಸ್ಲ್ಯಾಬ್, ಕಡಿಮೆ ಸುಂಕ. ದರ ಏರಿದಂತೆ ಸುಂಕವೂ ಏರುತ್ತಿತ್ತು. 180 ಮಿ.ಲೀ. ಕ್ವಾರ್ಟರ್ ಅಗ್ಗದ್ದಾದರೂ ದುಬಾರಿಯದಾದರೂ ಒಳಗಿರುವುದು ಅದೇ 61 ಗ್ರಾಂ ಆಲ್ಕೋಹಾಲ್. ಗ್ರಾಂ ಲೆಕ್ಕದಲ್ಲಿ ಅತಿ ಕಡಿಮೆ ತೆರಿಗೆ ಬೀಳುತ್ತಿದ್ದದ್ದು ನಿತ್ಯ ಕುಡಿಯುವವನು ಕೊಳ್ಳುವ ಬಾಟಲಿಯ ಮೇಲೆ. 2023ರ ಜುಲೈ ಬಜೆಟ್ಟಿನಲ್ಲಿ 18 ಸ್ಲ್ಯಾಬುಗಳಿಗೂ ಶೇ 20ರಷ್ಟು ಸುಂಕ ಏರಿಸಿ, ಬಿಯರಿನದನ್ನು ಶೇ 175ರಿಂದ 185ಕ್ಕೆ ಒಯ್ದರು. ಮರುವರ್ಷ ಸ್ಲ್ಯಾಬುಗಳು 16ಕ್ಕೆ ಇಳಿದವು, ದುಬಾರಿ ಬ್ರ್ಯಾಂಡುಗಳ ಸುಂಕ ತಗ್ಗಿತು. ನೆರೆಯ ರಾಜ್ಯಗಳ ದರಕ್ಕೆ ಹೊಂದಿಸಲು ಎಂಬುದು ಕೊಟ್ಟ ಕಾರಣ. ಸ್ಕಾಟ್ಲೆಂಡ್ 2018ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಬಾಟಲಿಯ ಮೇಲೆ ಯಾವ ಹೆಸರಿದ್ದರೂ, 8 ಗ್ರಾಂ ಆಲ್ಕೋಹಾಲಿನ ಒಂದು ಯೂನಿಟ್ಟಿಗೆ 50 ಪೆನ್ಸ್‌ಗಿಂತ ಕಡಿಮೆಗೆ ಮಾರುವಂತಿಲ್ಲ. 2024ರಲ್ಲಿ ಅದು 65 ಪೆನ್ಸ್ ಆಯಿತು. ನಮ್ಮಲ್ಲಿ ಹಾಗೆ ಮಾಡಿದರೆ ಕೆಳಗಿನ ಸ್ಲ್ಯಾಬಿನವನು ಕಳ್ಳಭಟ್ಟಿಗೆ ಹೋಗುತ್ತಾನೆಂಬ ಭಯ ಸುಳ್ಳಲ್ಲ. ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ, ಮೆಥನಾಲ್ ದಾಸ್ತಾನಿನ ಮೇಲೆ ಕಣ್ಣಿಟ್ಟು, ಜೊತೆಗೇ ತಾಲ್ಲೂಕಿನಲ್ಲಿ ಚಿಕಿತ್ಸೆ ಸಿಗುವಂತೆ ಮಾಡದಿದ್ದರೆ ಆ ಭಯ ನಿಜವೇ ಆಗುತ್ತದೆ.

ಸುಲಭವಾಗಿ ಸಿಗದಂತೆ ಮಾಡುವುದರಲ್ಲಿ ಹೆಣಗಿದವರು ಹೆಂಗಸರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ರಾಯಚೂರಿನ ಕಡೆಯವರು ಮುಂಚೂಣಿಯಲ್ಲಿದ್ದರು. ದೂರು ಲೈಸೆನ್ಸ್ ಅಂಗಡಿಗಿಂತ ಹೆಚ್ಚಾಗಿ ಕಿರಾಣಿ ಅಂಗಡಿಯಲ್ಲಿ, ಹೋಟೆಲಿನ ಹಿಂಬದಿಯಲ್ಲಿ ಸಿಗುವ ನೈಂಟಿಯ ಮೇಲೆ. ಜೇಬಿಗೆ ಇಳಿಯುವ, ಬಿದ್ದರೂ ಒಡೆಯದ ಟೆಟ್ರಾ ಪ್ಯಾಕ್ ಈ ಮಾರಾಟಕ್ಕೆ ಹೇಳಿಮಾಡಿಸಿದಂತಿದೆ. ಮಹಾರಾಷ್ಟ್ರದಲ್ಲಿ ಊರಿನ ಶೇ 25ರಷ್ಟು ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಅಂಗಡಿಯ ಅಳಿವು ಉಳಿವಿಗೆ ಮತದಾನವಾಗುತ್ತದೆ. ನಿಂತ ಬಾಟಲಿಗೆ ಮುದ್ರೆ ಒತ್ತಿದರೆ ಅಂಗಡಿ ಇರಲಿ ಎಂದು, ಮಲಗಿದ ಬಾಟಲಿಗೆ ಒತ್ತಿದರೆ ಮುಚ್ಚಲಿ ಎಂದು. ಓದು ಬಾರದವರಿಗೂ ತಿಳಿಯುವ ಈ ಮತಪತ್ರದಂಥದ್ದು ಕರ್ನಾಟಕಕ್ಕೂ ಬೇಕು.

ಚಿಕಿತ್ಸೆಗೆ ಬಂದರೆ ಅಂತರ ದೊಡ್ಡದು. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ಮದ್ಯದ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವನು 180ರಲ್ಲಿ ಒಬ್ಬ.

ಥಟ್ಟನೆ ಬಿಟ್ಟರೆ ಏನಾಗುತ್ತದೆಂದು ಮನೆಯವರಿಗೆ ಗೊತ್ತಿರಬೇಕು. ವರ್ಷಗಟ್ಟಲೆ ದಿನಾ ಕುಡಿದವನ ಮಿದುಳು ಆಲ್ಕೋಹಾಲಿನ ಮಂಕಿಗೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಆಲ್ಕೋಹಾಲ್ ನಿಂತ ಕೂಡಲೇ ಆ ಚುರುಕು ಕಡಿವಾಣ ತಪ್ಪುತ್ತದೆ. ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು, ವಾಕರಿಕೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ: ದಿಕ್ಕು ತಪ್ಪಿದ ಮಾತು, ಇಲ್ಲದ ಹುಳುಹುಪ್ಪಟೆ ಕಾಣುವುದು, ಜ್ವರ, ಏರಿದ ನಾಡಿ. ಇದು ಪ್ರಾಣ ತೆಗೆಯುವ ಹಂತ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥವರು ಹೆಚ್ಚು ಸಂಖ್ಯೆಯಲ್ಲಿ ಬಂದರು.

ವೈದ್ಯರು ಡಯಾಜೆಪಾಮ್ ಗುಂಪಿನ ಔಷಧವನ್ನು ನಡುಕಕ್ಕೆ ತಕ್ಕಂತೆ ಕೊಟ್ಟು, ವಾರದಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಸೂಜಿಯ ಮೂಲಕ. ಊಟ ಬಿಟ್ಟು ಕುಡಿದವನ ಮೈಯಲ್ಲಿ ಅದು ಬರಿದಾಗಿರುತ್ತದೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಕಣ್ಣು ಓಲಾಡಬಹುದು, ನಡಿಗೆ ತಪ್ಪಬಹುದು, ನೆನಪಿನ ಶಕ್ತಿ ಕಾಯಮ್ಮಾಗಿ ಹೋಗಬಹುದು. ‘ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಹಾಕಿ’ ಎನ್ನುವ ಮುನ್ನ ಕುಡಿತದ ವಿಷಯ ಹೇಳಲೇಬೇಕು.

ಇಷ್ಟಾದರೆ ಬಿಟ್ಟಂತಾಯಿತೇ ಹೊರತು ಬಿಟ್ಟೇ ಇರುವುದು ಬೇರೆ ಕೆಲಸ. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ, ಅಥವಾ ಅಕಾಂಪ್ರೊಸೇಟ್ 333 ಮಿ.ಗ್ರಾಂನ ಎರಡೆರಡು ಮಾತ್ರೆ ಮೂರು ಹೊತ್ತು. ವೈದ್ಯರೇ ಯಕೃತ್ತು, ಮೂತ್ರಪಿಂಡ ನೋಡಿ ಆರಿಸುತ್ತಾರೆ. ಡೈಸಲ್ಫಿರಾಮ್ ಬೇರೆ ಜಾತಿಯದು: ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿದ್ದು ಒಪ್ಪಿ ನುಂಗಿದವನಿಗೆ ಅದು ಊರುಗೋಲು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎನ್ನುವ ಪುಡಿಗಳಲ್ಲಿ ಏನಿದೆಯೆಂದು ಹೇಳುವವರಿಲ್ಲ. ಡೈಸಲ್ಫಿರಾಮನ್ನು ಹಾಗೆ ಕದ್ದು ಬೆರೆಸಿದರೆ ಹೃದ್ರೋಗಿಯೊಬ್ಬ ಕ್ವಾರ್ಟರಿನ ಜೊತೆ ಸಾಯಬಹುದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಆಸ್ಪತ್ರೆ ಮುಟ್ಟದ ಊರುಗಳನ್ನು ಮುಟ್ಟಿವೆ. ಅವುಗಳ ನಿಜವಾದ ಬಲ ಶಿಬಿರಕ್ಕಿಂತ, ಕುಡಿತ ಬಿಟ್ಟವರು ಆಮೇಲೆ ಸೇರುವ ನವಜೀವನ ಸಮಿತಿಗಳಲ್ಲಿದೆ. ಫಿಟ್ಸ್ ಬರುವ, ಸನ್ನಿ ಹಿಡಿಯುವ ದಿನಗಳು ಮಾತ್ರ ಸರಿಯಾಗಿ ಯಾವುದೇ ಶಿಬಿರದ ಮೊದಲರ್ಧದಲ್ಲೇ ಬೀಳುತ್ತವೆ. ಹಿಂದೆ ಫಿಟ್ಸ್ ಬಂದವರನ್ನು ಮೊದಲೇ ಬೇರ್ಪಡಿಸಿ ಆಸ್ಪತ್ರೆಗೆ ಕಳಿಸಬೇಕು.

ಇನ್ನೂ ದಾಸರಾಗದ, ಆದರೆ ಹಾನಿಯ ಮಟ್ಟಕ್ಕೆ ಕುಡಿಯುವವರಿಗೆ ಆಸ್ಪತ್ರೆಯೇ ಬೇಡ. ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 40ಕ್ಕೆ 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ತಜ್ಞರು. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯರಲ್ಲದ ತರಬೇತಿ ಪಡೆದ ಸ್ಥಳೀಯರು ನಾಲ್ಕು ಭೇಟಿಗಳವರೆಗೆ ಆಪ್ತಸಮಾಲೋಚನೆ ನಡೆಸಿದರು. ಮೂರು ತಿಂಗಳಲ್ಲಿ ಅಪಾಯದ ಮಟ್ಟದಿಂದ ಇಳಿದವರು ಶೇ 36. ಮಾಮೂಲು ಚಿಕಿತ್ಸೆಯಲ್ಲಿ ಶೇ 26. 2017ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ದುಬಾರಿ ಯಂತ್ರ, ಹೊಸ ಕಟ್ಟಡ ಏನೂ ಬೇಕಾಗಿರಲಿಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯದ ಚಟಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಕೇಳುವುದು ಹಕ್ಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಉತ್ತರಿಸುತ್ತದೆ; ವ್ಯಸನಮುಕ್ತಿ ಸಹಾಯವಾಣಿ 14446. ಕರೆ ಮಾಡುವಾಗ ಕೊನೆಯ ಸಲ ಕುಡಿದು ಎಷ್ಟು ಗಂಟೆಯಾಯಿತು, ದಿನಕ್ಕೆ ಎಷ್ಟು ಕ್ವಾರ್ಟರ್, ಹಿಂದೆ ಫಿಟ್ಸ್ ಬಂದಿತ್ತೇ ಎಂಬ ಮೂರು ವಿವರ ಕೈಯಲ್ಲಿರಲಿ. ಮನೆಯಲ್ಲೇ ಬಿಡಿಸಬಹುದೇ, ತಕ್ಷಣ ದಾಖಲು ಮಾಡಬೇಕೇ ಎಂಬುದನ್ನು ತೀರ್ಮಾನಿಸಲು ಮೊದಲು ಕೇಳುವುದೇ ಇವನ್ನು.