ಆರು ಮನೆ, ಒಂದು ಸುರಂಗ: ಮೋಸ ಎಷ್ಟು ಲಾಭ, ಯಾವಾಗ ಲಾಭ?

ಬೇಸಗೆಯ ಕೊನೆ. ಗುಡ್ಡದ ಬುಡದಲ್ಲಿ ಸುರಂಗ ಒಂದೇ, ಅದರ ನೀರು ನಿಲ್ಲುವ ಕೆರೆ ಒಂದೇ, ಅದನ್ನೇ ನಂಬಿಕೊಂಡ ಮನೆ ಆರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪಿನ ಹಂಗಿಲ್ಲದೆ ಇಳಿದು ಬರುವ ನೀರು ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬಾಯಾರು ಕಡೆಯವರಿಗೆ ಹೊಸತಲ್ಲ. ಒಳಗೆ ಮಣ್ಣು ಜರಿದರೆ ಯಾರಾದರೂ ಹೊಕ್ಕು ತೆಗೆಯಬೇಕು. ಯಾರು ತೆಗೆಯುವುದು? ಈ ಪ್ರಶ್ನೆಯನ್ನೇ ಕಾಸರಗೋಡಿನ ಒಂದು ಕಲ್ಪಿತ ಹೈಸ್ಕೂಲಿನಲ್ಲಿ ಉಳಿವಿನ ಪಂದ್ಯವಾಗಿ ಆಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಮಕ್ಕಳು 24, ಮನೆಗೆ ನಾಲ್ವರು. ಮನೆಗಳಿಗೆ ಹಲಸು, ಮಾವು, ತೆಂಗು, ಅಡಿಕೆ, ಗೇರು, ಹುಣಸೆ ಎಂದು ಹೆಸರು.

ನಿಯಮ ಇಷ್ಟು. ಚೆನ್ನೆಮಣೆಗೆ ಬಳಸುವ ಮಂಜೊಟ್ಟಿ ಕಾಳು ಸುಮಾರು 300 ಬೇಕು. ಪ್ರತಿ ಮನೆಗೆ ಮೊದಲಿಗೆ 10 ಕಾಳು ದಾಸ್ತಾನು. ದಿನ ಬೆಳಗಾದರೆ, ಅಂದರೆ ಪ್ರತಿ ಸುತ್ತಿನ ಆರಂಭದಲ್ಲಿ, ಇನ್ನೂ 5 ಕಾಳು ಸಿಗುತ್ತದೆ; ಅದು ಆ ದಿನದ ದುಡಿಮೆ. ಈ ಐದರಲ್ಲಿ ಎಷ್ಟನ್ನು ಸುರಂಗಕ್ಕೆ ಹಾಕುವುದು, ಎಷ್ಟನ್ನು ಉಳಿಸಿಕೊಳ್ಳುವುದು ಎಂದು ಮನೆಯವರು ಗುಟ್ಟಾಗಿ ತೀರ್ಮಾನಿಸುತ್ತಾರೆ. ಬಿದ್ದ ಕಾಳನ್ನೆಲ್ಲ ಟೀಚರು ಎರಡು ಪಟ್ಟು ಮಾಡಿ ಆರು ಮನೆಗೂ ಸಮನಾಗಿ ಹಂಚುತ್ತಾರೆ. ಭಾಗವಾಗದೆ ಉಳಿದದ್ದು ಡಬ್ಬಿಗೆ ವಾಪಸು. ರಾತ್ರಿ ಪ್ರತಿ ಮನೆಯೂ ಖರ್ಚಿಗೆಂದು 7 ಕಾಳು ಕೊಡಬೇಕು. ಕೊಡಲಾಗದ ಮನೆ ಪಂದ್ಯದಿಂದ ಹೊರಗೆ. ಹಾಕುವ ಮೊದಲು ಮೂರು ನಿಮಿಷ ಮಾತಿಗೆ ಬಿಡುವು. ಮಾತಿನಲ್ಲಿ ಸುಳ್ಳು ಹೇಳಬಹುದು, ಎಣಿಕೆಯಲ್ಲಿ ಹೇಳುವಂತಿಲ್ಲ. ಇದನ್ನು ಮೊದಲೇ ಎಲ್ಲರ ಎದುರು ಸಾರದಿದ್ದರೆ ಪಂದ್ಯದ ಜಗಳ ಊಟದ ಹೊತ್ತಿಗೂ ಮುಂದುವರಿಯುತ್ತದೆ. ಸಹಪಾಠಿಗಳ ನಡುವಿನ ನಂಬಿಕೆ ಆಟದ ಸಾಮಾನಲ್ಲ.

ಕಾಳು ಹಾಕಲು ಬೆಂಕಿಪೆಟ್ಟಿಗೆ ಕೊಡಬಾರದು, ಅಲ್ಲಾಡಿಸಿದರೆ ಖಾಲಿಯೋ ತುಂಬಿದ್ದೋ ಕಿವಿಗೆ ಗೊತ್ತಾಗುತ್ತದೆ. ಒಂದೇ ಬಣ್ಣದ ಆರು ಬಟ್ಟೆ ಚೀಲ ಸಾಕು, ಒಳಗೆ ಮನೆಯ ಹೆಸರಿನ ಚೀಟಿ.

ಈಗ ಲೆಕ್ಕ. ಎಲ್ಲರೂ ಐದೈದು ಹಾಕಿದರೆ 30 ಕಾಳು 60 ಆಗಿ ಮನೆಗೆ 10 ಬರುತ್ತದೆ. 7 ಖರ್ಚು ಕಳೆದು ದಿನಕ್ಕೆ 3 ಉಳಿತಾಯ. ಹತ್ತು ದಿನಕ್ಕೆ ಪ್ರತಿ ಮನೆಯಲ್ಲಿ 40. ಯಾರೂ ಏನೂ ಹಾಕದಿದ್ದರೆ ದಿನಕ್ಕೆ 2 ನಷ್ಟ, ಐದು ದಿನದಲ್ಲಿ ದಾಸ್ತಾನು ಸೊನ್ನೆ, ಆರನೆಯ ದಿನ ಆರೂ ಮನೆ ಒಟ್ಟಿಗೆ ಹೊರಗೆ. ಇಷ್ಟು ಸ್ಪಷ್ಟವಿದ್ದೂ ಮೋಸ ಏಕೆ ಹುಟ್ಟುತ್ತದೆ? ಹಾಕಿದ ಒಂದು ಕಾಳು ಎರಡಾದರೂ ಆರು ಪಾಲಾಗುತ್ತದೆ. ಹಾಕಿದವರ ಕೈಗೆ ಮರಳುವುದು ಅದರ ಮೂರನೇ ಒಂದು ಭಾಗ. ಉಳಿಸಿಕೊಂಡರೆ ಕಾಳು ಪೂರ್ತಿ ಉಳಿಯಿತು. ಗೇರು ಮನೆಯೊಂದೇ ಚೀಲ ಖಾಲಿ ಕೊಟ್ಟಿತು ಎನ್ನಿ: 25 ಕಾಳು 50 ಆಗಿ ಮನೆಗೆ 8. ಉಳಿದ ಐದು ಮನೆಗೆ ದಿನದ ಉಳಿತಾಯ 1, ಗೇರಿಗೆ 6. ಒಬ್ಬ ಮೋಸಗಾರನನ್ನು ಈ ಊರು ಹೊತ್ತುಕೊಂಡು ಬದುಕಬಲ್ಲದು. ಇಬ್ಬರನ್ನು ಹೊರಲಾರದು: ಬೀಳುವುದು 20, ಮನೆಗೆ 6, ಹಾಕಿದವರಿಗೆ ದಿನಕ್ಕೆ 1 ನಷ್ಟ, ಹಾಕದ ಇಬ್ಬರಿಗೆ 4 ಲಾಭ. ಮೂವರಾದರೆ ಹಾಕಿದವರ ನಷ್ಟ 2, ಯಾರೂ ಹಾಕದಿದ್ದರೆ ಆಗುವಷ್ಟೇ. ಅಲ್ಲಿಂದ ಮುಂದೆ ಪ್ರಾಮಾಣಿಕರಾಗಿರುವುದು ಸುಮ್ಮನಿರುವುದಕ್ಕಿಂತಲೂ ದುಬಾರಿ. ನಾಲ್ವರು ಕೈಕೊಟ್ಟ ಊರಿನಲ್ಲಿ ಹಾಕುವ ಮನೆ ಮೂರನೆಯ ದಿನ ಖರ್ಚು ಕೊಡಲಾಗದೆ ಹೊರಬೀಳುತ್ತದೆ. ಎರಡನೆಯ ಮೋಸಗಾರನಾಗುವ ಮನೆಯೇ ಊರನ್ನು ಮುಳುಗಿಸುವುದು, ಮೊದಲನೆಯದಲ್ಲ.

ಆದರೆ ಚೀಲ ಪೂರ್ತಿ ಖಾಲಿ ಕೊಡುವುದು ದಡ್ಡರ ಮೋಸ. ಬುದ್ಧಿವಂತರ ಮೋಸ ಅಡಗುವುದು ಭಾಗಾಕಾರದ ಶೇಷದಲ್ಲಿ. ಟೀಚರು ಒಟ್ಟು ಎಷ್ಟು ಬಿತ್ತೆಂದು ಹೇಳದೆ ಮನೆಯ ಪಾಲನ್ನಷ್ಟೇ ಹೇಳುತ್ತಾರೆ ಎಂದುಕೊಳ್ಳಿ. 29 ಬಿದ್ದರೆ 58, ಪಾಲು 9. 28 ಬಿದ್ದರೂ 9. 27 ಬಿದ್ದರೂ 9. ಮೂರು ಕಾಳಿನ ಕಳವು ಒಂದು ಕಾಳಿನ ಕಳವಿನಂತೆಯೇ ಕಾಣುತ್ತದೆ. ಒಂದೇ ಕಾಳು ಕದ್ದ ಮನೆಗೆ ಬರುವುದು ಕದ್ದ 1, ಪಾಲಿನ 9, ಒಟ್ಟು 10. ಕದಿಯದಿದ್ದರೂ ಅದೇ 10. ಉಳಿದವರಿಗೆ ಒಂದೊಂದು ಕಡಿಮೆಯಾದದ್ದಷ್ಟೇ ಬಂತು. ಮೂರು ಕದ್ದರೆ 12. ನಾಲ್ಕು ಕದ್ದರೂ 12, ಏಕೆಂದರೆ ಅಷ್ಟರಲ್ಲಿ ಪಾಲು 8ಕ್ಕೆ ಇಳಿದಿರುತ್ತದೆ. ಐದೂ ಕದ್ದರೆ 13, ಆದರೆ ಎಲ್ಲರೂ ಎರಡೆರಡು ಕಳೆದುಕೊಂಡು ಎಚ್ಚರವಾಗುತ್ತಾರೆ. ಹಾಗಾಗಿ ಈ ನಿಯಮದಲ್ಲಿ ಪಳಗಿದ ಮೋಸಗಾರ ಕದಿಯುವುದು ಸರಿಯಾಗಿ ಮೂರು. ಜೊತೆಗೆ ಮಾತಿನ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಕೂಗುವುದೂ ಅವನೇ: “ನಾವು ಐದೂ ಹಾಕಿದ್ದೇವೆ ಮಾರಾಯ, ಯಾರೋ ಒಂದು ಕಾಳು ಹಿಡಿದಿದ್ದಾರೆ.” ಒಂದು ಕಾಳಿಗಾಗಿ ಯಾರೂ ಜಗಳಕ್ಕೆ ಇಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತು.

ಮರುದಿನದಿಂದ ಟೀಚರು ಒಟ್ಟು ಮೊತ್ತವನ್ನು ಬೋರ್ಡಿನಲ್ಲಿ ಬರೆದರೆ ಈ ಮರೆ ಹೋಗುತ್ತದೆ, ಆದರೆ ಕಳ್ಳ ಸಿಗುವುದಿಲ್ಲ. 27 ಎಂದು ಬರೆದಾಗ ಒಬ್ಬರೇ ಮೂರು ಕದ್ದರೋ, ಮೂವರು ಒಂದೊಂದು ಕದ್ದರೋ ತಿಳಿಯದು. ದಾಸ್ತಾನನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹತ್ತತ್ತರ ಸಾಲಿನಲ್ಲಿ ಜೋಡಿಸಿಡಬೇಕು ಎಂದರೆ ಮಾತ್ರ ಎರಡು ದಿನದಲ್ಲಿ ಗುಟ್ಟು ಬಯಲು: ಗೇರಿನ ಸಾಲು ಉಳಿದವರಿಗಿಂತ ಬೇಗ ಬೆಳೆಯುತ್ತದೆ. ಕಾಳು ಅಷ್ಟೇ, ಮಕ್ಕಳು ಅವರೇ. ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಬದಲಾದರೆ ಸುಳ್ಳಿನ ಬೆಲೆಯೂ ಬದಲಾಗುತ್ತದೆ. ಮೋಸವನ್ನು ಮಕ್ಕಳ ಸ್ವಭಾವದಲ್ಲಿ ಹುಡುಕುವ ಮೊದಲು ನಿಯಮದಲ್ಲಿ ಹುಡುಕಬೇಕು ಎನ್ನುವುದು ಇದಕ್ಕಾಗಿ.

ಮುಖ ನೋಡಿ ಸುಳ್ಳು ಹಿಡಿಯುತ್ತೇವೆ ಎಂದು ನಂಬುವ ಮನೆ ಸೋಲುತ್ತದೆ. ಸುಳ್ಳು ಪತ್ತೆಯ ಇನ್ನೂರಕ್ಕೂ ಹೆಚ್ಚು ಅಧ್ಯಯನದ ದಾಖಲೆಗಳನ್ನು ಒಟ್ಟುಗೂಡಿಸಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸತ್ಯ ಯಾವುದು ಸುಳ್ಳು ಯಾವುದು ಎಂದು ಜನ ಸರಿಯಾಗಿ ಹೇಳುವುದು ಸರಾಸರಿ 54 ಶೇಕಡಾ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ. ಕಣ್ಣು ತಪ್ಪಿಸುವುದು, ಬೆವರುವುದು ಇವೆಲ್ಲ ಹೆದರಿದ ಪ್ರಾಮಾಣಿಕರಲ್ಲೂ ಇರುತ್ತದೆ. ಹಾಗಾಗಿ ಕಣ್ಣಿರಬೇಕಾದದ್ದು ಕಾಳಿನ ಸಾಲಿನ ಮೇಲೆ.

ಇನ್ನು ಪಂದ್ಯದ ಉದ್ದ. ಹತ್ತು ದಿನ ಎಂದು ಮೊದಲೇ ಹೇಳಿದಿರೋ, ಹತ್ತನೆಯ ದಿನ ಕಾಳು ಹಾಕುವವರಿಗೆ ಲಾಭವಿಲ್ಲ, ಏಕೆಂದರೆ ಮುಯ್ಯಿ ತೀರಿಸಲು ನಾಳೆ ಇಲ್ಲ. ಹತ್ತರಲ್ಲಿ ಎಲ್ಲರೂ ಕೈಕೊಡುತ್ತಾರೆ ಎಂದಾದರೆ ಒಂಬತ್ತರಲ್ಲಿ ಒಳ್ಳೆಯವರಾಗಿ ಪ್ರಯೋಜನವೇನು? ಹೀಗೆ ಹಿಂದಿನಿಂದ ಹುಳ ಕೊರೆಯುತ್ತಾ ಬರುತ್ತದೆ. ಇಂಥ ಸಾಮೂಹಿಕ ನಿಧಿಯ ಪ್ರಯೋಗಗಳಲ್ಲಿ ಜನ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಕೈಯಲ್ಲಿದ್ದದ್ದರ 40ರಿಂದ 60 ಶೇಕಡಾ ಹಾಕುತ್ತಾರೆ, ಸುತ್ತು ಕಳೆದಂತೆ ಅದು ಇಳಿಯುತ್ತಾ ಹೋಗುತ್ತದೆ. ಇದಕ್ಕೆ ಮದ್ದು ದಾಳ. ಐದನೆಯ ದಿನ ಮುಗಿದ ಮೇಲೆ ಪ್ರತಿ ರಾತ್ರಿ ಒಂದು ಸಲ ದಾಳ ಉರುಳಿಸಿ. ಒಂದು ಬಿದ್ದರೆ ಪಂದ್ಯ ಮುಗಿಯಿತು, ಇಲ್ಲವಾದರೆ ನಾಳೆ ಇದೆ. ಸರಾಸರಿ ಲೆಕ್ಕದಲ್ಲಿ ಪಂದ್ಯ ಹತ್ತನೆಯ ದಿನವೇ ಮುಗಿಯುತ್ತದೆ, ಆದರೆ ಯಾವ ರಾತ್ರಿಯೂ ಕೊನೆಯದೆಂದು ಯಾರಿಗೂ ಗೊತ್ತಿರುವುದಿಲ್ಲ. ಬಹಳ ದಿನ ಎಳೆದು ಕಾಳು ಸಾಲದೆ ಬಂದರೆ ಹತ್ತು ಕಾಳಿಗೆ ಒಂದು ಹುಣಸೆ ಬೀಜ ಎಂದು ಬದಲಿಸಿಕೊಳ್ಳಬಹುದು.

ಏಟಿಗೆ ಏಟು ಎಂಬ ತಂತ್ರ ಇಲ್ಲಿ ನಡೆಯದೇ? ಇಬ್ಬರೇ ಇದ್ದಾಗ ಅದು ಅದ್ಭುತವಾಗಿ ನಡೆಯುತ್ತದೆ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ, ಪ್ರತಿ ಸಲ ಸಹಕರಿಸುವುದೋ ಕೈಕೊಡುವುದೋ ಎಂದು ಇಬ್ಬಿಬ್ಬರು ಆರಿಸುವ ಪಂದ್ಯ ಏರ್ಪಡಿಸಿದಾಗ ಮೊದಲ ಸಲ 14, ಎರಡನೆಯ ಸಲ 62 ಸ್ಪರ್ಧಿಗಳು ಬಂದಿದ್ದವು. ಎರಡೂ ಸಲ ಗೆದ್ದದ್ದು ಅನಟೋಲ್ ರಪೊಪೋರ್ಟ್ ಕಳಿಸಿದ ಅತಿ ಚಿಕ್ಕ ಪ್ರೋಗ್ರಾಂ: ಮೊದಲು ಸಹಕರಿಸು, ಆಮೇಲೆ ಎದುರಾಳಿ ಹಿಂದಿನ ಸಲ ಮಾಡಿದ್ದನ್ನೇ ಮಾಡು. ಆರು ಮನೆಯ ಊರಲ್ಲಿ ಇದೇ ತಂತ್ರ ಕೈಕೊಡುತ್ತದೆ. ಗೇರು ಕದ್ದಿತೆಂದು ಹಲಸು ಮನೆ ತಾನೂ ಹಾಕದಿದ್ದರೆ ಪೆಟ್ಟು ಗೇರಿಗೊಂದೇ ಬೀಳುವುದಿಲ್ಲ, ಮಾವು, ತೆಂಗು, ಅಡಿಕೆ, ಹುಣಸೆಗೂ ಬೀಳುತ್ತದೆ. ಅವರ ಕಣ್ಣಿಗೆ ಹಲಸೂ ಕಳ್ಳ. ಮೂರು ದಿನದಲ್ಲಿ ಸುರಂಗಕ್ಕೆ ಇಳಿಯುವವರಿಲ್ಲ.

ಗುರಿಯಿಟ್ಟು ಹೊಡೆಯುವ ದಂಡ ಬೇಕು. ಅರ್ನ್‌ಸ್ಟ್ ಫೆಹ್ರ್ ಮತ್ತು ಸೈಮನ್ ಗ್ಯಾಕ್ಟರ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಂಡ ಹಾಕುವವನು ತನ್ನ 1 ಖರ್ಚು ಮಾಡಿದರೆ ದಂಡ ತಿಂದವನ 3 ಹೋಗುತ್ತಿತ್ತು. ಆ ಅವಕಾಶ ಕೊಟ್ಟೊಡನೆ ಸಹಕಾರ ಏರಿತು. ನಮ್ಮ ಪಂದ್ಯಕ್ಕೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ಪೂರ್ತಿ ಕದ್ದ ಗೇರಿನ 13ರಲ್ಲಿ ಒಂದು ಮನೆ ದಂಡ ಹಾಕಿದರೆ 10 ಉಳಿಯಿತು, ಕದ್ದದ್ದು ವ್ಯರ್ಥ. ಎರಡು ಮನೆ ಹಾಕಿದರೆ 7, ನಷ್ಟ. ತೊಡಕು ಎಲ್ಲೆಂದರೆ ಆ 1 ಕಾಳನ್ನು ತಾನೇಕೆ ಕಳೆದುಕೊಳ್ಳಲಿ, ಪಕ್ಕದವರು ಹಾಕಲಿ ಎಂದು ಎಲ್ಲರೂ ಕಾಯುತ್ತಾರೆ. ಇನ್ನೊಂದು ತೊಡಕು ಸೇಡಿನದು. 16 ನಗರಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಕಡೆ ಜನ ಹೆಚ್ಚು ಹಾಕಿದವರಿಗೇ ದಂಡ ಹಾಕಿದ್ದು ಕಂಡುಬಂತು. ಆದ್ದರಿಂದ ಮನೆವಾರು ಲೆಕ್ಕ ಬೋರ್ಡಿನಲ್ಲಿ ಬಂದ ಮೇಲೆಯೇ ದಂಡ, ಅದೂ ಹೆಸರು ಹೇಳಿ. ನೀರಾವರಿಯಂಥ ಸಮುದಾಯದ ಆಸ್ತಿಗಳನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರೋಮ್ ಕಂಡದ್ದೂ ಇದನ್ನೇ: ಬಹುಕಾಲ ಬಾಳಿದ ಕಡೆಗಳಲ್ಲಿ ಕಾವಲು ಬಳಸುವವರದ್ದೇ, ದಂಡ ಮೊದಲ ತಪ್ಪಿಗೆ ಸಣ್ಣದು, ಆಮೇಲೆ ಏರುತ್ತಾ ಹೋಗುವುದು.

ಒಳಸಂಚು ಬೇರೆಯೇ ಬಗೆ. ಆಕ್ಸೆಲ್‌ರಾಡ್ ಪಂದ್ಯದ ಮಾದರಿಯಲ್ಲಿ 2004ರಲ್ಲಿ ಮತ್ತೆ ಸ್ಪರ್ಧೆ ನಡೆದಾಗ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 60 ಪ್ರೋಗ್ರಾಂ ಕಳಿಸಿತು. ಮೊದಲ ಕೆಲವು ನಡೆಗಳೇ ಅವುಗಳ ಗುರುತಿನ ಸನ್ನೆ. ತಮ್ಮವನೆಂದು ತಿಳಿದರೆ ಒಬ್ಬ ಬೇಕೆಂದೇ ಸೋತು ಇನ್ನೊಬ್ಬನನ್ನು ಮೇಲೆತ್ತುತ್ತಿದ್ದ. ಮೊದಲ ಮೂರು ಸ್ಥಾನ ಅವರಿಗೇ ಬಂತು. ಪಟ್ಟಿಯ ತಳದಲ್ಲೂ ಅವರದ್ದೇ ಹಲವು ಇದ್ದವು. ಶಾಲೆಯ ಪಂದ್ಯದಲ್ಲಿ ಇದು ಎರಡು ಮನೆಯ ಗೆಳೆಯರ ರೂಪದಲ್ಲಿ ಬರುತ್ತದೆ. ಕಾಳು ಕೈಬದಲು ಮಾಡುವಂತಿಲ್ಲ ಎಂಬ ಒಂದು ಸಾಲಿನ ನಿಯಮ ಅದರ ಹೆಚ್ಚಿನ ದಾರಿಯನ್ನು ಮುಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬಹುಮಾನವನ್ನು. ಹೆಚ್ಚು ಕಾಳಿರುವ ಒಂದೇ ಮನೆ ಗೆಲ್ಲುತ್ತದೆ ಎಂದರೆ, ಹಾಕಿದ ಕಾಳಿನಿಂದ ಎಲ್ಲರೂ ಒಂದೇ ಅಳತೆಯಲ್ಲಿ ಏರುತ್ತಾರೆ, ಹಾಕಿದವರು ಮಾತ್ರ ಅಷ್ಟೇ ಕಾಳು ಹಿಂದೆ ಬೀಳುತ್ತಾರೆ. ಅಂಥ ಪಂದ್ಯದಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೈಯುವುದು ಅನ್ಯಾಯ. ಬದಲಿಗೆ, ಮೊದಲಿನ 10ರ ಮೇಲೆ ಆಡಿದ ದಿನಕ್ಕೆ ಇಂತಿಷ್ಟು ಕಾಳು ಕೂಡಿಸಿದ ಎಲ್ಲ ಮನೆಗೂ ಬಹುಮಾನ ಎಂದಿಡಬಹುದು. ದಿನಕ್ಕೆ 3 ಎಂದಿಟ್ಟರೆ ತೀರ ಬಿಗಿ: ಯಾರೋ ಒಬ್ಬರು ಒಂದೇ ದಿನ ಒಂದೇ ಕಾಳು ಕದ್ದರೂ ಕದ್ದವರೊಬ್ಬರನ್ನು ಬಿಟ್ಟು ಬೇರೆ ಯಾರೂ ಗುರಿ ಮುಟ್ಟುವುದಿಲ್ಲ. 1 ಎಂದಿಟ್ಟರೆ ಒಂದು ಮನೆ ದಿನವೂ ಚೀಲ ಖಾಲಿ ಕೊಟ್ಟರೂ ಎಲ್ಲರೂ ಗೆಲ್ಲುತ್ತಾರೆ, ಹಿಡಿಯುವ ಗೊಡವೆಗೆ ಯಾರೂ ಹೋಗುವುದಿಲ್ಲ. 2 ಸರಿಯಾದ ಅಳತೆ. ದಿನಕ್ಕೆ ಮೂರು ಕಾಳಿನವರೆಗಿನ ಕಳವನ್ನು ಅದು ತಾಳಿಕೊಳ್ಳುತ್ತದೆ, ನಾಲ್ಕನೆಯ ಕಾಳು ಹೋದ ದಿನ ಐದು ಮನೆಗೂ ತಮ್ಮ ಬಹುಮಾನ ಜಾರುತ್ತಿರುವುದು ಮೇಜಿನ ಮೇಲೇ ಕಾಣುತ್ತದೆ.