ಎರಡು ತಿಂಗಳ ಮಗುವಿಗೆ ‘ಸ್ಸ್ಸ್’ ಅರ್ಥವಾಗುತ್ತದೆಯೇ?

ಓದುಗರ ಪ್ರಶ್ನೆ: ನನ್ನ ಮಗಳಿಗೆ ಈಗ ಎರಡು ತಿಂಗಳು. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಅಮ್ಮ ಹಗಲು ಹೊತ್ತು ಡಯಾಪರ್ ಹಾಕಲು ಬಿಡುವುದಿಲ್ಲ. ಮಗು ಎದ್ದ ಕೂಡಲೇ ಕಾಲ ಮೇಲೆ ಕೂರಿಸಿಕೊಂಡು ‘ಸ್ಸ್ಸ್’ ಎನ್ನುತ್ತಾರೆ, ಅದು ಉಚ್ಚೆ ಮಾಡಿಯೂ ಬಿಡುತ್ತದೆ. ಆದರೆ ಎರಡು ವರ್ಷ ತುಂಬುವ ತನಕ ಇದನ್ನೆಲ್ಲ ಕಲಿಸಬಾರದು, ಮಗುವಿನ ಮನಸ್ಸಿಗೆ ಒತ್ತಡವಾಗುತ್ತದೆ ಎಂದು ಓದಿದ್ದೇನೆ. ಯಾರ ಮಾತು ಸರಿ? ನಾಲ್ಕು ತಿಂಗಳ ನಂತರ ನಾನು ಕೆಲಸಕ್ಕೆ ಮರಳಬೇಕು. ಆಗ ಏನು ಮಾಡಲಿ?

ಉತ್ತರ: ನಿಮ್ಮ ಅಮ್ಮ ಮಾಡುತ್ತಿರುವುದು ಸರಿಯಾಗಿಯೇ ಇದೆ. ನೀವು ಓದಿದ್ದರಲ್ಲೂ ಸತ್ಯವಿದೆ. ಗೊಂದಲವಾಗಿರುವುದು ಎರಡು ಬೇರೆ ಬೇರೆ ಕೆಲಸಗಳನ್ನು ‘ಕಲಿಸುವುದು’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ. ಉಚ್ಚೆ ಬರುತ್ತಿದೆ ಎಂದು ತಿಳಿದು, ಬಚ್ಚಲು ಸಿಗುವ ತನಕ ತಡೆದುಕೊಂಡು, ಅಲ್ಲಿಗೆ ನಡೆದು ಹೋಗಿ, ಚಡ್ಡಿ ಜಾರಿಸಿ ಕೂರುವುದು ಒಂದು ಕೆಲಸ. ಅದಕ್ಕೆ ನರ, ಸ್ನಾಯು, ನಡಿಗೆ, ಮಾತು ಎಲ್ಲವೂ ಕೂಡಿಬರಬೇಕು; ಒಂದೂವರೆ ವರ್ಷಕ್ಕೆ ಮೊದಲು ಹೆಚ್ಚಿನ ಮಕ್ಕಳಿಗೆ ಅದು ಆಗುವ ಮಾತಲ್ಲ. ನಿಮ್ಮ ಅಮ್ಮ ಮಾಡುತ್ತಿರುವುದು ಇನ್ನೊಂದು ಕೆಲಸ. ಮಗುವಿಗೆ ಯಾವಾಗ ಬರುತ್ತದೆ ಎಂಬುದನ್ನು ಅವರು ಕಲಿತುಕೊಂಡಿದ್ದಾರೆ, ಹೊತ್ತಿಗೆ ಸರಿಯಾಗಿ ಎತ್ತಿ ಹಿಡಿಯುತ್ತಾರೆ. ಇಲ್ಲಿ ಕಲಿಯಬೇಕಾದವರು ದೊಡ್ಡವರು.

ನಾಳೆ ಮಗು ನಿದ್ದೆಯಿಂದ ಏಳುವ ಹೊತ್ತಿಗೆ ಪಕ್ಕದಲ್ಲೇ ಕುಳಿತು ನೋಡಿ. ಕಣ್ಣು ಬಿಡುವ ಮೊದಲೇ ಮಿಸುಕಾಡುತ್ತದೆ, ಕಾಲು ಮಡಚಿ ಒದೆಯುತ್ತದೆ, ಮುಖ ಸಿಂಡರಿಸುತ್ತದೆ. ಗಾಢ ನಿದ್ದೆಯಲ್ಲಿರುವ ಎಳೆಯ ಮಗು ಸಾಮಾನ್ಯವಾಗಿ ಉಚ್ಚೆ ಮಾಡುವುದಿಲ್ಲ. ಮೂತ್ರಚೀಲ ತುಂಬಿದಾಗ ಮೊದಲು ನಿದ್ದೆ ತಿಳಿಯಾಗುತ್ತದೆ, ಆಮೇಲೆ ಉಚ್ಚೆ. ಹಾಗಾಗಿ ಎದ್ದ ಕೂಡಲೇ ಹಿಡಿಯುವುದು ಅಜ್ಜಿಯರ ಅಭ್ಯಾಸವಾದದ್ದು ಸುಮ್ಮನೆ ಅಲ್ಲ. ಹಾಲು ಕುಡಿಯುವಾಗಲೂ ಹೀಗೆಯೇ. ಹೊಟ್ಟೆಗೆ ಹಾಲು ಇಳಿಯುತ್ತಿದ್ದಂತೆ ದೊಡ್ಡ ಕರುಳು ತಾನಾಗಿಯೇ ಅಲುಗಲು ಶುರುಮಾಡುತ್ತದೆ. ಮಗು ಮೊಲೆ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು ಕೊಸರಾಡುತ್ತದೆ. ಹಾಲು ಸಾಲುತ್ತಿಲ್ಲವೇನೋ ಎಂದು ತಾಯಿ ಹೆದರುತ್ತಾಳೆ. ಎಷ್ಟೋ ಸಲ ಅದು ಕಕ್ಕಕ್ಕೆ ಬಂದ ಸೂಚನೆ. ಇನ್ನು ಕೆಲವು ಮಕ್ಕಳು ಆಡುತ್ತಿದ್ದದ್ದನ್ನು ನಿಲ್ಲಿಸಿ, ಕದಲದೆ, ಎಲ್ಲೋ ದೂರ ನೋಡುತ್ತವೆ. ಕೆಲವಕ್ಕೆ ಮೈ ಸಣ್ಣಗೆ ನಡುಗುತ್ತದೆ. ಯಾವ ಮಗುವಿನದು ಯಾವ ಸೂಚನೆ ಎಂಬುದನ್ನು ಹೊರಗಿನವರು ಹೇಳಲಾಗದು, ಜೊತೆಗಿದ್ದವರೇ ಕಂಡುಕೊಳ್ಳಬೇಕು.

ನನ್ನ ಮಗ ಹುಟ್ಟಿದಾಗ ನನ್ನ ಅಮ್ಮ ಇದನ್ನು ಮಾಡುತ್ತಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಚ್ಚಲ ಹೊಸ್ತಿಲ ಬಳಿ ಮಣೆ ಹಾಕಿ ಕುಳಿತು ಎರಡೂ ಕಾಲು ನೀಡುತ್ತಿದ್ದರು. ಪಾದಗಳ ನಡುವೆ ಒಂದು ಸಣ್ಣ ಸಂದು. ಮಗುವಿನ ಕುಂಡೆ ಆ ಸಂದಿಗೆ, ಒಂದೊಂದು ತೊಡೆ ಒಂದೊಂದು ಪಾದದ ಮೇಲೆ, ಬೆನ್ನು ಅವರ ಕಾಲಿಗೆ ಒರಗಿ, ಎಡಗೈ ಯಾವಾಗಲೂ ಮಗುವಿನ ತಲೆಯ ಹಿಂದೆ. ಕುಕ್ಕರಗಾಲಿನಲ್ಲಿ ಕುಳಿತಂತೆ ಮೊಣಕಾಲು ಮೇಲೆ ಬಂದಾಗ ಮಲ ಇಳಿಯುವ ದಾರಿ ನೇರವಾಗುತ್ತದೆ, ಮುಕ್ಕರಿಯುವುದು ಸುಲಭವಾಗುತ್ತದೆ. ಬಲಗೈ ಬೆರಳು ಹೊಟ್ಟೆಯ ಮೇಲೆ ಸುಮ್ಮನೆ ಇರುತ್ತಿತ್ತು, ಒತ್ತುತ್ತಿರಲಿಲ್ಲ. ಆಮೇಲೆ ಆ ಸದ್ದು, ಹಲ್ಲಿನ ಸಂದಿಯಿಂದ ಉದ್ದಕ್ಕೆ ಎಳೆದ ‘ಸ್ಸ್ಸ್’. ಒಂದು ನಿಮಿಷದಲ್ಲಿ ಆಗದಿದ್ದರೆ ಎತ್ತಿಕೊಂಡು ಏಳುತ್ತಿದ್ದರು.

ನಾನು ಹಿಡಿದರೆ ಹತ್ತು ದಿನ ಏನೂ ಆಗಲಿಲ್ಲ. ಹಾಸಿಗೆಯಲ್ಲಿ ಮಲಗಿಸಿದ ಕೂಡಲೇ ಆಗುತ್ತಿತ್ತು. ಬಾಣಂತಿಯ ಮೈ, ನಿದ್ದೆಗೆಟ್ಟ ಕಣ್ಣು, ಒಮ್ಮೆ ಅತ್ತೂಬಿಟ್ಟೆ. ಅಮ್ಮ ಹೇಳಿದರು: “ನೀನು ಗಡಿಯಾರ ನೋಡಿ ಎತ್ತುತ್ತಿದ್ದೀಯೆ. ಮಗುವನ್ನು ನೋಡಿ ಎತ್ತು.” ಅಲ್ಲಿಂದ ಮುಂದೆ ಸಾಗಿತು.

‘ಸ್ಸ್ಸ್’ ಎಂಬುದರ ಅರ್ಥ ಎರಡು ತಿಂಗಳ ಮಗುವಿಗೆ ತಿಳಿಯುತ್ತದೆಯೇ ಎಂದರೆ, ಮಾತಿನ ಅರ್ಥದಂತೆ ತಿಳಿಯುವುದಿಲ್ಲ. ಮೊದಮೊದಲು ಉಚ್ಚೆ ಬರುವಾಗಲೇ ನೀವು ಆ ಸದ್ದು ಮಾಡುತ್ತೀರಿ. ನೂರಾರು ಸಲ ಎರಡೂ ಜೊತೆಯಾಗಿ ಆದ ಮೇಲೆ ಆ ಸದ್ದು, ಆ ಭಂಗಿ, ಬಚ್ಚಲ ತಣ್ಣನೆಯ ಗಾಳಿ ಸೇರಿ ಮಗುವಿನ ಮೈಯನ್ನು ಸಡಿಲಗೊಳಿಸುತ್ತವೆ. ತಾಯಿಯ ಜೋಗುಳಕ್ಕೆ ರೆಪ್ಪೆ ಭಾರವಾಗುವುದಿಲ್ಲವೇ, ಹಾಗೆ.

ಇದು ನಮ್ಮೊಬ್ಬರ ಜಾಣ್ಮೆಯೂ ಅಲ್ಲ. ವಿಯೆಟ್ನಾಂನ ತಾಯಂದಿರು ಮೆಲ್ಲಗೆ ಶಿಳ್ಳೆ ಹಾಕುತ್ತಾರೆ. ಚೀನಾದಲ್ಲಿ ಕಾಲುಗಳ ಸಂದಿನಲ್ಲಿ ಹೊಲಿಗೆಯಿಲ್ಲದ ಚಡ್ಡಿ ತೊಡಿಸುತ್ತಿದ್ದರು, ಮಗು ಕುಕ್ಕರಿಸಿದರೆ ಸಾಕು. ಪೂರ್ವ ಆಫ್ರಿಕಾದ ಕರಾವಳಿಯ ಡಿಗೊ ಜನರ ಬಗ್ಗೆ 1977ರಲ್ಲಿ ಡಿವ್ರೀಸ್ ದಂಪತಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬರೆದರು. ಅಲ್ಲಿನ ತಾಯಿ ಮಗುವಿಗೆ ಎರಡು ಮೂರು ವಾರವಾಗುತ್ತಲೇ ಶುರುಮಾಡುತ್ತಾಳೆ. ನೆಲದ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ನಡುವೆ ಕೂರಿಸಿಕೊಂಡು ‘ಶೂ’ ಎನ್ನುತ್ತಾಳೆ. ನಾಲ್ಕೈದು ತಿಂಗಳಿಗೆಲ್ಲ ಮಗು ಸೂಚನೆ ಕೊಟ್ಟು ಉಚ್ಚೆ ಮಾಡುವುದನ್ನು ನಿರೀಕ್ಷಿಸುತ್ತಾರೆ. ಅದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಬಚ್ಚಲ ಹೊಸ್ತಿಲೇ. ಆದರೆ ಒಂದು ಮಾತು ಮರೆಯಬಾರದು: ಆ ಮಗು ಹಗಲಿರುಳು ಯಾರದಾದರೂ ಮೈಗೆ ಅಂಟಿಕೊಂಡೇ ಇರುತ್ತದೆ. ಸೂಚನೆ ಕೊಟ್ಟರೆ ನೋಡಲು ಒಬ್ಬರು ಇದ್ದೇ ಇರುತ್ತಾರೆ.

ಹಾಗಾದರೆ ‘ಎರಡು ವರ್ಷದ ತನಕ ಬೇಡ’ ಎಂಬುದು ಎಲ್ಲಿಂದ ಬಂತು? ಅದಕ್ಕೊಂದು ನೋವಿನ ಹಿನ್ನೆಲೆಯಿದೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ತಾಯಂದಿರಿಗೆ ಹಂಚುತ್ತಿದ್ದ ಶಿಶುಪಾಲನೆಯ ಕೈಪಿಡಿಯಲ್ಲಿ, ಎಳೆಯ ಮಗುವನ್ನು ದಿನವೂ ಅದೇ ಗಳಿಗೆಗೆ ಮಲಕ್ಕೆ ಕೂರಿಸಬೇಕು, ಬೇಕಾದರೆ ಗುದದ್ವಾರಕ್ಕೆ ಸೋಪಿನ ಕಡ್ಡಿ ಇಡಬೇಕು ಎಂಬ ಸಲಹೆಯಿತ್ತು. ಈ ಬಗೆಯ ಬಿಗಿಯಿಂದ ಮಕ್ಕಳು ಹೆದರಿ ಮಲ ಕಟ್ಟಿಕೊಳ್ಳುವುದನ್ನು ಕಂಡ ವೈದ್ಯರು ಅದನ್ನು ವಿರೋಧಿಸಿದರು. ಅವರಲ್ಲಿ ಮುಖ್ಯರಾದವರು ಬೆರ್ರಿ ಬ್ರೇಜಲ್ಟನ್. 1962ರಲ್ಲಿ ಅವರು 1,170 ಮಕ್ಕಳ ಅನುಭವವನ್ನು ಮುಂದಿಟ್ಟು, ಮಗು ಸಿದ್ಧವಾಗುವ ತನಕ ಕಾಯಿರಿ ಎಂದರು. ಆ ಮಕ್ಕಳು ಹಗಲಿನ ಹಿಡಿತ ಕಲಿತದ್ದು ಸರಾಸರಿ 28.5 ತಿಂಗಳಿಗೆ. ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಪ್ಯಾಂಪರ್ಸ್ ಎಂಬ ಬಳಸಿ ಬಿಸಾಡುವ ಡಯಾಪರ್ ಮಾರುಕಟ್ಟೆಗೆ ಬಂದಿತ್ತು. ಕಾಯಲು ಹೇಳುವ ವೈದ್ಯಕೀಯ, ಕಾಯುವುದನ್ನು ಸುಲಭ ಮಾಡುವ ವಸ್ತು, ಎರಡೂ ಒಟ್ಟಿಗೆ ಬೆಳೆದವು. ಆ ಎಚ್ಚರಿಕೆ ಹುಟ್ಟಿದ್ದು ಸೋಪಿನ ಕಡ್ಡಿಯ ವಿರುದ್ಧ. ಅದನ್ನು ನಿಮ್ಮ ಅಮ್ಮನ ಪಾದಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ನಮ್ಮ ಮನೆಗಳಲ್ಲೂ ಗದರಿಸಿ, ಚಿವುಟಿ, ‘ಮಾಡುವ ತನಕ ಏಳಬೇಡ’ ಎಂದು ಕೂರಿಸುವವರಿದ್ದಾರೆ. ಅವರಿಗೆ ಆ ಎಚ್ಚರಿಕೆ ಪೂರ್ತಿಯಾಗಿ ಸಲ್ಲುತ್ತದೆ. ಮಗು ಬೆನ್ನು ಬಿಲ್ಲಿನಂತೆ ಬಾಗಿಸಿ ಸೆಟೆದುಕೊಂಡರೆ ಬೇಡ ಎಂದು ಅರ್ಥ, ಆ ಕ್ಷಣವೇ ಎತ್ತಿಕೊಳ್ಳಬೇಕು.

ಈ ಪದ್ಧತಿಯ ಬಹುದೊಡ್ಡ ಲಾಭ ಡಯಾಪರಿನ ಖರ್ಚು ಉಳಿಯುವುದು ಎಂದು ಜನ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು, ಎಲ್ಲವೂ ನಿಮ್ಮ ಕಣ್ಣಿಗೆ ಬೀಳುವುದು. ಗಂಡು ಮಗುವಿನ ಉಚ್ಚೆ ಧಾರೆಯಾಗಿ ಚಿಮ್ಮಬೇಕು. ತೊಟ್ಟಿಕ್ಕುತ್ತಲೇ ಇದ್ದರೆ ಮೂತ್ರನಾಳದಲ್ಲಿ ತಡೆ ಇರಬಹುದು. ಡಯಾಪರಿನೊಳಗೆ ಧಾರೆ ಯಾರಿಗೂ ಕಾಣುವುದಿಲ್ಲ. ಕಕ್ಕ ಸುಣ್ಣದಂತೆ ಅಥವಾ ಬೂದಿಯಂತೆ ಬಿಳಿಚಿಕೊಂಡಿದ್ದರೆ ಪಿತ್ತನಾಳ ಮುಚ್ಚಿರುವ ಸಾಧ್ಯತೆಯಿದೆ, ಅಂದೇ ಮಕ್ಕಳ ವೈದ್ಯರ ಬಳಿ ಹೋಗಬೇಕು. ದಿನ ಕಳೆದಷ್ಟೂ ಶಸ್ತ್ರಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಉಚ್ಚೆ ಮಾಡುವಾಗ ಪ್ರತಿ ಸಲವೂ ಕಿರುಚುವುದು, ರಕ್ತ ಕಾಣುವುದು, ಕಾರಣ ತಿಳಿಯದ ಜ್ವರ ಕೂಡ ವೈದ್ಯರಿಗೆ ತೋರಿಸಬೇಕಾದವೇ. ಎದೆಹಾಲು ಸಾಲುತ್ತಿದೆಯೇ ಎಂದು ತಿಳಿಯಲು ದಿನಕ್ಕೆ ಕನಿಷ್ಠ ಆರು ಸಲವಾದರೂ ಉಚ್ಚೆ ಆಗುತ್ತಿದೆಯೇ ಎಂದು ನೋಡುತ್ತಾರೆ. ಬಚ್ಚಲಿನಲ್ಲಿ ಹರಿದು ಹೋದದ್ದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳೆಯ ಪದ್ಧತಿಯಲ್ಲಿ ನಾನು ಒಪ್ಪದ ಸಂಗತಿಯೂ ಇದೆ. ಮಗುವಿನ ಕಕ್ಕಕ್ಕೆ ಬೂದಿ ಹಾಕಿ ಬಳಿದು ಹಿತ್ತಿಲಿಗೋ ಚರಂಡಿಗೋ ಎಸೆಯುತ್ತಿದ್ದರು, ಎಳೆಗೂಸಿನದು ಹೊಲಸಲ್ಲ ಎನ್ನುತ್ತಿದ್ದರು. ಹಾಗಲ್ಲ. ಮಗುವಿನ ಮಲದಿಂದಲೂ ಭೇದಿಯ ರೋಗಾಣು ಹರಡುತ್ತದೆ. ಅದು ಶೌಚಾಲಯಕ್ಕೇ ಹೋಗಬೇಕು, ಹಿಡಿದವರು ಸೋಪು ಹಾಕಿ ಕೈ ತೊಳೆಯಬೇಕು.

ಈಗ ನಿಮ್ಮ ದಿನಚರಿ. ಮೊದಲ ತಿಂಗಳುಗಳಲ್ಲಿ ಮಗು ದಿನಕ್ಕೆ 15ರಿಂದ 20 ಸಲ ಉಚ್ಚೆ ಮಾಡುವುದುಂಟು. ಎಲ್ಲವನ್ನೂ ಹಿಡಿಯಲು ಹೊರಟರೆ ನೀವು ಬೇರೇನೂ ಮಾಡಲಾಗುವುದಿಲ್ಲ. ನಿದ್ದೆಯಿಂದ ಎದ್ದಾಗ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಎರೆಯುವ ಮುಂಚೆ, ಇಷ್ಟು ಹೊತ್ತು ಸಾಕು. ಉಳಿದದ್ದಕ್ಕೆ ಹಳೆಯ ಪಂಚೆಯ ಲಂಗೋಟಿ, ರಬ್ಬರ್ ಶೀಟಿನ ಮೇಲೊಂದು ಸಣ್ಣ ಕೌದಿ. ಬಟ್ಟೆಯಾದರೆ ಒದ್ದೆಯಾದದ್ದು ಮಗುವಿಗೂ ನಿಮಗೂ ಕೂಡಲೇ ತಿಳಿಯುತ್ತದೆ. ದಿನಕ್ಕೆ ಒಂದೇ ಸಲ, ಬೆಳಗಿನ ಕಕ್ಕವೊಂದನ್ನೇ ಹಿಡಿದರೂ ಅದು ಸಾರ್ಥಕವೇ. ಆ ಒಂದು ಕಕ್ಕ ಮೈಗೆ ಮೆತ್ತಿಕೊಳ್ಳದಿದ್ದರೆ ಕೆಂಪು ಗುಳ್ಳೆಗಳು ಎಷ್ಟು ಕಡಿಮೆಯಾಗುತ್ತವೆ ಎಂದು ನೀವೇ ನೋಡುತ್ತೀರಿ.

ರಾತ್ರಿ, ಪ್ರಯಾಣದಲ್ಲಿ, ಆಸ್ಪತ್ರೆಗೆ ಹೋಗುವಾಗ ಡಯಾಪರ್ ಹಾಕಿ, ತಪ್ಪೇನೂ ಇಲ್ಲ. ನಿದ್ದೆಗೆಟ್ಟ ತಾಯಿಯ ಒಂದು ರಾತ್ರಿಯ ನಿದ್ದೆ ಮಗುವಿಗೂ ಬೇಕು. ಬಿಸಾಡುವಾಗ ಮಾತ್ರ ಒಳಗಿನ ಮಲವನ್ನು ಶೌಚಾಲಯಕ್ಕೆ ಹಾಕಿ, ಕಾಗದದಲ್ಲಿ ಸುತ್ತಿ, ಬೆಂಗಳೂರಿನಲ್ಲಿ ಹೇಳುವಂತೆ ಮೇಲೊಂದು ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸಗಳಿಂದ ಬೇರೆ ಇಡಿ. ಅದನ್ನು ಬರಿಗೈಯಿಂದ ಬಿಡಿಸಬೇಕಾದ ಪೌರಕಾರ್ಮಿಕರ ಮನೆಯಲ್ಲೂ ಕೂಸುಗಳಿರುತ್ತವೆ.

ಮುಂದೆ ಒಂದು ಹಂತ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಅಂಬೆಗಾಲಿಡುವ, ನಿಲ್ಲಲು ಕಲಿಯುವ ತಿಂಗಳುಗಳಲ್ಲಿ, ಹಲ್ಲು ಬರುವಾಗ, ಶೀತವಾದಾಗ, ಅಷ್ಟು ದಿನ ಚೆನ್ನಾಗಿ ಮಾಡುತ್ತಿದ್ದ ಮಗು ಹಿಡಿದರೆ ಸೆಟೆದುಕೊಳ್ಳುತ್ತದೆ, ಇಳಿಸಿದರೆ ನೆಲದಲ್ಲಿ ಮಾಡುತ್ತದೆ. ಕಲಿತದ್ದು ಮರೆತಿಲ್ಲ, ಅದರ ಗಮನವೆಲ್ಲ ಕಾಲಿನ ಮೇಲಿದೆ. ಕೆಲವು ದಿನ ಬಿಟ್ಟು ಮತ್ತೆ ಶುರುಮಾಡಿ.

ಇನ್ನೊಂದು ಮಾತನ್ನು ಬಾಣಂತನದ ಮನೆಯ ಎಲ್ಲರೂ ಕೇಳಿಸಿಕೊಳ್ಳಬೇಕು. ಈ ಪದ್ಧತಿ ನಡೆಯುತ್ತಿದ್ದದ್ದು ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಎಂದು ನಾಲ್ಕು ಜೊತೆ ಕೈಗಳಿದ್ದ ಮನೆಯಲ್ಲಿ, ನೀರು ಹೊಯ್ದರೆ ಹರಿದು ಹೋಗುವ ನೆಲದ ಮೇಲೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಮ್ಮಂದಿರು ಕಾರ್ಪೆಟ್ ಹಾಸಿದ ಮನೆಯಲ್ಲಿ ಎಲ್ಲಿ ಕಾಲು ನೀಡುವುದೆಂದು ತಿಳಿಯದೆ, ಕೊನೆಗೆ ಸ್ನಾನದ ತೊಟ್ಟಿಯ ಅಂಚಿನಲ್ಲಿ ಕುಳಿತು ಹಿಡಿಯುತ್ತಾರೆ. ಜಾಗ ಹೇಗೋ ಸಿಗುತ್ತದೆ, ಕೈಗಳು ಸಿಗುವುದು ಕಷ್ಟ. ಒಬ್ಬಳೇ ತಾಯಿಯ ಹೆಗಲಿಗೆ ಇದನ್ನು ಹಾಕಿ, ಬಟ್ಟೆ ಒದ್ದೆಯಾದಾಗಲೆಲ್ಲ ‘ನಮ್ಮ ಕಾಲದಲ್ಲಿ’ ಎನ್ನುವುದು ಕ್ರೌರ್ಯ. ನಿಮ್ಮ ಯಜಮಾನರು ವಾರಾಂತ್ಯಕ್ಕೆ ಬಂದಾಗ ಬೆಳಗಿನ ಹೊತ್ತು ಅವರೇ ಹಿಡಿಯಲಿ. ಮಗುವಿನ ಬೆನ್ನನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು, ಎರಡು ತೊಡೆಗಳ ಕೆಳಗೆ ಕೈ ಕೊಟ್ಟು ಕಮೋಡಿನ ಮೇಲೆ ಹಿಡಿದರಾಯಿತು. ಕತ್ತು ನಿಲ್ಲುವ ತನಕ ತಲೆ ಅವರ ಎದೆಗೆ ಆತುಕೊಂಡಿರಬೇಕು.

ಕೆಲಸಕ್ಕೆ ಮರಳುವ ಹೊತ್ತಿಗೆ ನಿಮ್ಮ ಮಗಳಿಗೆ ಆರು ತಿಂಗಳು, ಅನ್ನದ ಗಂಜಿ, ರಾಗಿ ಸರಿ ಶುರುವಾಗುವ ಕಾಲ. ಆಗ ಕಕ್ಕ ಗಟ್ಟಿಯಾಗುತ್ತದೆ, ದಿನಕ್ಕೆ ಒಂದೆರಡು ಸಲಕ್ಕೆ ಇಳಿಯುತ್ತದೆ, ಹೊತ್ತೂ ಹೆಚ್ಚುಕಡಿಮೆ ನಿಲ್ಲುತ್ತದೆ. ಹಿಡಿಯುವುದು ಈಗಿನದಕ್ಕಿಂತ ಸುಲಭ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಬಹುದು ಎಂಬ ನಿಯಮವನ್ನು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ತಂದಿತು. ನಿಮ್ಮ ಕಚೇರಿಯಲ್ಲಿ ಅದು ಇದೆಯೇ ಎಂದು ಈಗಲೇ ಕೇಳಿಡಿ. ಇದ್ದರೆ ಆ ನಾಲ್ಕರಲ್ಲಿ ಎರಡು ಸಲವಾದರೂ ಹಾಲು ಕೊಟ್ಟ ಮೇಲೆ ನೀವೇ ಹಿಡಿಯಬಹುದು. ಮನೆಯಲ್ಲಿ ಯಾರಾದರೂ ನೋಡಿಕೊಳ್ಳುವುದಾದರೆ, ನೀವು ಹೊರಡುವ ಒಂದು ವಾರ ಮೊದಲೇ ಅವರು ಬರಲಿ. ನಿಮ್ಮೆದುರೇ ಮಗುವನ್ನು ಹಿಡಿಯಲಿ, ಅಮ್ಮ ಮಾಡುವ ಆ ಸದ್ದನ್ನು ಅಮ್ಮನ ಬಾಯಿಂದಲೇ ಕೇಳಿ ಕಲಿಯಲಿ. ಬೇರೆ ಸದ್ದಾದರೆ ಮಗು ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ.